ಹಸಿರು ಕೂಗರ್

ಆನ್ ಆರ್ಬರ್, ಮಿಷಿಗನ್
ಜೂನ್ 9

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅಮ್ಮನಿಗೂ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮವಾಗಿದ್ದೇನೆ. ಹಾಸನದಲ್ಲಿ ಮಳೆ ಹಿಡಿದಿದೆ ಎಂದು ಅಣ್ಣ ತಿಳಿಸಿದ. ಅಮ್ಮನ ಮಂಡಿನೋವು ಈಗ ಹೇಗಿದೆ, ಬರೆಯಿರಿ.

ಕಾರು ಕೊಂಡೆ, ಅಪ್ಪ. ಫೋನಿನಲ್ಲಿ ಹೇಳಿದ್ದರೆ ನಿಮ್ಮ ಪ್ರಶ್ನೆಗಳು ಮುಗಿಯುವ ಮೊದಲೇ ಮಾತು ತುಂಡಾಗುತ್ತಿತ್ತು. ಅದಕ್ಕೇ ಎಲ್ಲವನ್ನೂ ಸಾವಕಾಶವಾಗಿ ಬರೆಯುತ್ತಿದ್ದೇನೆ. 1967ರ ಮರ್ಕ್ಯುರಿ ಕೂಗರ್, ಎರಡು ಬಾಗಿಲಿನ ಕೂಪೆ, ಕಡು ಹಸಿರು ಬಣ್ಣ, ಒಳಗೆ ಕಪ್ಪು ರೆಕ್ಸಿನ್ ಸೀಟುಗಳು. ಮರ್ಕ್ಯುರಿ ಫೋರ್ಡ್ ಕಂಪನಿಯದೇ ಇನ್ನೊಂದು ಹೆಸರು. ಫೋರ್ಡಿಗಿಂತ ಒಂದು ಮೆಟ್ಟಿಲು ಮೇಲೆ, ಅದೇ ಕಂಪನಿಯ ಐಷಾರಾಮಿ ಲಿಂಕನ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಆ ಹೆಸರಿನ ಕಾರುಗಳ ತಯಾರಿಕೆ 2011ರಲ್ಲಿ ನಿಂತೇ ಹೋಯಿತು. 1964ರಲ್ಲಿ ಬಂದ ಫೋರ್ಡಿನ ಮಸ್ಟಾಂಗ್ ಇಡೀ ಅಮೆರಿಕವನ್ನು ಮರುಳು ಮಾಡಿದಾಗ, ಅದರ ಅಡಿಕಟ್ಟನ್ನೇ ತೆಗೆದುಕೊಂಡು, ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರವನ್ನು 3 ಇಂಚು ಹೆಚ್ಚಿಸಿ, ಸ್ವಲ್ಪ ಗಂಭೀರವಾದ ಕಾರೊಂದನ್ನು ಮರ್ಕ್ಯುರಿಯವರು ಮಾಡಿದರು. ಮೊದಲ ವರ್ಷವೇ ಒಂದೂವರೆ ಲಕ್ಷ ಕೂಗರ್‌ಗಳು ತಯಾರಾದವು. ನನ್ನದು ಅವುಗಳಲ್ಲಿ ಒಂದು. ಕಾರ್ಖಾನೆ ಅದಕ್ಕೆ ಕೊಟ್ಟ ನಂಬರು 7ಎಫ್91ಸಿ ಎಂದು ಶುರುವಾಗುತ್ತದೆ: 7 ಎಂದರೆ 1967, ಎಫ್ ಎಂದರೆ ಡಿಯರ್‌ಬಾರ್ನ್ ಕಾರ್ಖಾನೆ, 91 ಕೂಗರ್, ಸಿ ಎಂದರೆ 289 ಘನ ಇಂಚಿನ ಎಂಜಿನ್. ಡಿಯರ್‌ಬಾರ್ನ್ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ತಾನು ಹುಟ್ಟಿದ ಊರನ್ನು ಈ ಕಾರು ಬಿಟ್ಟುಹೋಗಲೇ ಇಲ್ಲ ಎನ್ನಬಹುದು.

289 ಘನ ಇಂಚು ಎಂದರೆ 4.7 ಲೀಟರ್. ವಿ ಆಕಾರದಲ್ಲಿ ಎಂಟು ಸಿಲಿಂಡರು, 200 ಅಶ್ವಶಕ್ತಿ, ಎರಡು ಬಾಯಿಯ ಆಟೋಲೈಟ್ ಕಾರ್ಬೊರೇಟರ್, ಮೂರು ಗೇರಿನ ಆಟೊಮ್ಯಾಟಿಕ್. ಹಿಂದೆ ಕಮಾನು ಪಟ್ಟಿ, ಮುಂದೆ ಕಾಯಿಲ್ ಸ್ಪ್ರಿಂಗ್. ವಾಲ್ವ್ ಎತ್ತುವ ಟ್ಯಾಪೆಟ್‌ಗಳು ಹೈಡ್ರಾಲಿಕ್ ಆದ್ದರಿಂದ ನೀವು ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ಅವುಗಳ ಮುಂದೆ ಕೂರಬೇಕಾಗಿಲ್ಲ. ಆದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್ ಇದೆ, ಕಂಡೆನ್ಸರ್ ಇದೆ, ನಿಮ್ಮ ಕೈಗೆ ಕೆಲಸವಿದೆ. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಏನು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಬಸ್ ಡಿಪೋದಲ್ಲಿ ರಜಾದಿನ ನಿಮ್ಮ ಪಕ್ಕ ನಿಂತು ಸ್ಪ್ಯಾನರ್ ಕೊಡುತ್ತಿದ್ದ ನನಗೆ ಇದಕ್ಕಿಂತ ಹೆಚ್ಚಿನ ಆಕರ್ಷಣೆ ಬೇಕಾಗಿರಲಿಲ್ಲ.

ಎಂಜಿನ್ನಿನ ಬಗ್ಗೆ ನನಗೆ ಆತಂಕವಿರಲಿಲ್ಲ. ಇಲ್ಲಿ ಈ ಎಂಜಿನ್ನಿನ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಭಯವಿದ್ದದ್ದು ತುಕ್ಕಿನದು. ಮಂಗಳೂರು ಡಿಪೋದಲ್ಲಿದ್ದಾಗ ಕಡಲ ಗಾಳಿಗೆ ಬಸ್ಸುಗಳ ತಗಡು ಹೇಗೆ ಹೋಗುತ್ತಿತ್ತು ಎಂದು ನೀವು ಎಷ್ಟೋ ಸಲ ಹೇಳಿದ್ದೀರಿ. ಇಲ್ಲಿ ಕಡಲಿಲ್ಲ, ಆದರೆ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೆ ಸುಮಾರು 350 ಮೀಟರ್ ಆಳದಲ್ಲಿ ಉಪ್ಪಿನ ಗಣಿಯೇ ಇದೆ; ರಸ್ತೆಗೆ ಹಾಕುವ ಉಪ್ಪು ಅಲ್ಲಿಂದಲೂ ಬರುತ್ತದೆ. ಕಾರು ಮಾಡುವ ಊರಿನ ಅಡಿಯಲ್ಲೇ ಕಾರನ್ನು ತಿನ್ನುವ ಉಪ್ಪು. ಕೂಗರ್‌ಗೆ ಲಾರಿಗಿದ್ದಂತೆ ಬೇರೆ ಚಾಸಿ ಇಲ್ಲ. ತಳದ ತಗಡು, ಅಡ್ಡಪಟ್ಟಿಗಳು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚು, ಎಲ್ಲ ಒಂದಕ್ಕೊಂದು ಬೆಸೆದುಕೊಂಡೇ ಭಾರ ಹೊರಬೇಕು. ಆ ಬೆಸುಗೆಯೊಳಗೆ ತುಕ್ಕು ಹೊಕ್ಕರೆ ಮೇಲಿನ ಹೊಳಪಿಗೆ ಬೆಲೆಯೇ ಇಲ್ಲ.

ಇದಕ್ಕೂ ಮೊದಲು ಕೆಂಪು ಬಣ್ಣದ ಇನ್ನೊಂದು ಕೂಗರ್ ನೋಡಿದ್ದೆ. ಕನ್ನಡಿಯಂತೆ ಮಿನುಗುತ್ತಿತ್ತು, ಕ್ರೋಮ್ ಎಲ್ಲ ಹೊಸದು. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಹಿಂದಿನ ಚಕ್ರದ ಕಮಾನಿನ ಬಳಿ ಇಟ್ಟೆ, ಹಿಡಿಯಲಿಲ್ಲ, ಜಾರಿತು. ಒಳಗೆ ಬರೀ ಪುಟ್ಟಿ. ಬಾಗಿಲಿನ ಸಂದು ಮೇಲೆ ಅಗಲ, ಕೆಳಗೆ ಕಿರಿದು. ಟಿಂಕರಿಂಗ್ ಎಷ್ಟು ಚೆನ್ನಾಗಿ ಮಾಡಿದ್ದರೂ ಆ ಸಂದು ಸುಳ್ಳು ಹೇಳುವುದಿಲ್ಲ ಎಂದು ಕಲಿಸಿದವರು ನೀವೇ. ಅಲ್ಲಿಂದ ಹೊರಟು ಬಂದೆ.

ಈ ಹಸಿರು ಕಾರು ಅಷ್ಟು ಹೊಳೆಯುವುದಿಲ್ಲ. ಬಾನೆಟ್ಟಿನ ಅಂಚಿನಲ್ಲಿ ಒರೆಸಿ ಒರೆಸಿ ಬಣ್ಣ ತೆಳುವಾಗಿ ಪ್ರೈಮರ್ ಇಣುಕುತ್ತಿದೆ. ಚಾಲಕನ ಸೀಟಿನ ಹೊಲಿಗೆ ಒಂದು ಗೇಣು ಬಿಟ್ಟುಕೊಂಡಿದೆ. ಆದರೆ ಅದು 1967ರಲ್ಲಿ ಕಾರ್ಖಾನೆಯಲ್ಲಿ ಬಳಿದ ಬಣ್ಣ, ಅಲ್ಲೇ ಹಾಕಿದ ಹೊಲಿಗೆ. ಆಯಸ್ಕಾಂತ ಎಲ್ಲೆಡೆ ಗಟ್ಟಿಯಾಗಿ ಅಂಟಿತು. ಬಾಗಿಲ ಚೌಕಟ್ಟಿನಲ್ಲಿ ಸಣ್ಣ ಪ್ಲಾಸ್ಟಿಕ್ ಬಿರಡೆಗಳು ಕಂಡವು. 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭವಾದ ಜೀಬಾರ್ಟ್ ಎಂಬ ಕಂಪನಿ ತಗಡಿಗೆ ತೂತು ಕೊರೆದು ಒಳಗೆ ತುಕ್ಕುನಿರೋಧಕ ಸಿಂಪಡಿಸಿ ಬಿರಡೆ ಹಾಕುತ್ತದೆ. ಕಾರು ಹೊಸದಿದ್ದಾಗಲೇ ಮೊದಲ ಒಡೆಯರು ಅದನ್ನು ಮಾಡಿಸಿದ್ದರು. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಬರುವ ಸೀಳುಗಳಿವೆ. ಮಸ್ಟಾಂಗ್, ಕೂಗರ್ ಎರಡರಲ್ಲೂ ಅದರೊಳಗಿನ ತಗಡು ಎಲೆಕಸ ಕೊಳೆತು ತೂತಾಗುವುದು ಹೆಸರುವಾಸಿ ಕಾಯಿಲೆ. ಅಲ್ಲಿ ಒಂದು ಬಕೆಟ್ ನೀರು ಸುರಿದೆ. ನನ್ನೊಂದಿಗೆ ಬಂದಿದ್ದ ಇಲ್ಲಿನ ಮೆಕ್ಯಾನಿಕ್ ಟಾರ್ಚ್ ಹಿಡಿದು ಒಳಗೆ ಮಲಗಿ ನೋಡಿದರು. ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಆ ಕ್ಷಣವೇ ನನ್ನ ಮನಸ್ಸು ತೀರ್ಮಾನಿಸಿತ್ತು. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದೆವು: ಎಂಟೂ ಸಿಲಿಂಡರುಗಳು 140ರಿಂದ 150 ಪಿಎಸ್‌ಐ ನಡುವೆ.

ಈ ಕಾರಿನ ಮುಖಕ್ಕೆ ದೀಪಗಳೇ ಇಲ್ಲ ಎನ್ನಿಸುತ್ತದೆ. ಉದ್ದುದ್ದ ಕಡ್ಡಿಗಳ ಗ್ರಿಲ್ ಎರಡು ಭಾಗವಾಗಿ ಹರಡಿದೆ, ಹೆಡ್‌ಲೈಟ್‌ಗಳು ಅದರ ಹಿಂದೆ ಅಡಗಿವೆ. ಸ್ವಿಚ್ ಎಳೆದರೆ ಎಂಜಿನ್ನಿನ ವ್ಯಾಕ್ಯೂಮ್ ಬಲದಿಂದ ಗ್ರಿಲ್ಲಿನ ತುಂಡುಗಳೇ ತೆರೆದುಕೊಳ್ಳುತ್ತವೆ. ಹಿಂದಿನ ಇಂಡಿಕೇಟರ್ ಇನ್ನೂ ಸೊಗಸು: ಒಂದೊಂದು ಬದಿಗೆ ಮೂರು ಬಲ್ಬು, ಒಳಗಿನಿಂದ ಹೊರಕ್ಕೆ ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತವೆ. ಎಲೆಕ್ಟ್ರಾನಿಕ್ಸ್ ಏನೂ ಇಲ್ಲ, ಡಿಕ್ಕಿಯೊಳಗೆ ಒಂದು ಪುಟ್ಟ ಮೋಟಾರು ಕ್ಯಾಮ್‌ಗಳನ್ನು ತಿರುಗಿಸುತ್ತದೆ, ಅವು ಸ್ವಿಚ್‌ಗಳನ್ನು ಒತ್ತುತ್ತವೆ. ಕತ್ತಲಾದ ಮೇಲೆ ಅಂಗಳದಲ್ಲಿ ನಿಲ್ಲಿಸಿ ಅದನ್ನೇ ನೋಡುತ್ತಾ ನಿಂತಿದ್ದೆ. ವಿಡಿಯೊ ಅಣ್ಣನ ಮೊಬೈಲಿಗೆ ಕಳಿಸಿದ್ದೇನೆ, ಮೋಟಾರಿನ ಟಿಕ್ ಟಿಕ್ ಸದ್ದೂ ಕೇಳುತ್ತದೆ.

ಮಾರಿದವರು ವಯಸ್ಸಾದ ಹೆಂಗಸು. ಅವರ ಯಜಮಾನರು ಕೊಂಡ ಕಾರು. ಮೀಟರು 41 ಸಾವಿರ ಮೈಲಿ ತೋರಿಸುತ್ತದೆ, ಆದರೆ ಈ ಕಾಲದ ಮೀಟರಿನಲ್ಲಿ ಐದೇ ಅಂಕಿ. ಲಕ್ಷ ದಾಟಿ ಮತ್ತೆ ಸೊನ್ನೆಯಿಂದ ಶುರುವಾಗಿದ್ದರೂ ಗೊತ್ತಾಗುವುದಿಲ್ಲ. 41 ಸಾವಿರವೇ ನಿಜ ಎನ್ನುವುದಕ್ಕೆ ಸಾಕ್ಷಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿತ್ತು: ಯಜಮಾನರು ಬರೆದಿಟ್ಟ ಪುಸ್ತಕ. ಆಯಿಲ್ ಬದಲಿಸಿದ ತಾರೀಖು, ಆಗಿನ ಮೈಲಿ, ಹಾಕಿದ ಬಲ್ಬು, ಬ್ರೇಕ್ ಲೈನಿಂಗ್, ಎಲ್ಲಕ್ಕೂ ರಸೀದಿ. ಪ್ರತಿ ನವೆಂಬರ್‌ನಲ್ಲಿ "ಒಳಗೆ ನಿಲ್ಲಿಸಿದೆ" ಎಂದು, ಏಪ್ರಿಲ್‌ನಲ್ಲಿ "ಹೊರಗೆ ತೆಗೆದೆ" ಎಂದು ಒಂದು ಸಾಲು. ಕೊನೆಯ ಹಲವು ಪುಟಗಳಲ್ಲಿ ಅಕ್ಷರ ಬದಲಾಗಿದೆ. ಯಜಮಾನರು ಹಾಸಿಗೆ ಹಿಡಿದ ಮೇಲೆ ಆಕೆಯೇ ಬರೆದದ್ದು. ಒಂದು ಆಯಿಲ್ ಬದಲಾವಣೆಯನ್ನೂ ಆಕೆ ತಪ್ಪಿಸಿಲ್ಲ. ಆ ದಂಪತಿಯ ಕಾಳಜಿಗೆ ನಾನು ಹಣ ಕೊಟ್ಟೆ ಎಂದುಕೊಂಡಿದ್ದೇನೆ, ಅಪ್ಪ. ಹೊಸ ಬಣ್ಣವನ್ನು ಯಾರು ಬೇಕಾದರೂ ಹೊಡೆಸಬಹುದು. ಇಷ್ಟು ವರ್ಷ ಉಪ್ಪಿನಿಂದ ಕಾಪಾಡಿದ ತಗಡನ್ನು ಯಾವ ಅಂಗಡಿಯಲ್ಲಿ ತರುವುದು?

1967ರಿಂದೀಚಿನ ಫೋರ್ಡ್ ಕಾರುಗಳಿಗೆ ಮಾರ್ಟಿ ವರದಿ ಎಂಬುದೊಂದು ಸಿಗುತ್ತದೆ. ಕಂಪನಿಯ ಮೂಲ ದಾಖಲೆಯಿಂದಲೇ ಕಾರಿನ ಬಣ್ಣ, ಎಂಜಿನ್, ಹೋದ ಡೀಲರು ಎಲ್ಲವನ್ನೂ ತೆಗೆದುಕೊಡುತ್ತಾರೆ. ಅದನ್ನೂ ತರಿಸಿದೆ. ಬಾಗಿಲಿನ ಮೇಲೆ ಕಾರ್ಖಾನೆ ಹಾಕಿದ ವಿವರದ ಫಲಕಕ್ಕೂ ವರದಿಗೂ ಎಲ್ಲಿಯೂ ವ್ಯತ್ಯಾಸವಿಲ್ಲ.

ಅಮ್ಮಾ, ಬೆಲೆ 18 ಸಾವಿರ ಡಾಲರ್, ಅದರ ಮೇಲೆ ಶೇಕಡಾ 6 ತೆರಿಗೆ. ಸಾಲ ಮಾಡಿಲ್ಲ. ತಂಗಿಯ ಮದುವೆಯ ಸಾಲ ತೀರಿದ ಮೇಲೆ ಇದಕ್ಕೆಂದೇ ಪ್ರತ್ಯೇಕವಾಗಿ ಕೂಡಿಟ್ಟ ಹಣ. ದಿನದ ಓಡಾಟಕ್ಕೆ ಹಳೆಯ ಟೊಯೊಟಾ ಇದ್ದೇ ಇದೆ. ಕೂಗರ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ಸೊಂಟಕ್ಕೆ ಮಾತ್ರ ಬೆಲ್ಟು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. 1967ರ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಬ್ರೇಕುಗಳಿಗೆ ಬೇರೆ ಬೇರೆ ಸರ್ಕ್ಯೂಟ್ ಇರುವುದು ಸಮಾಧಾನ. ಆದರೂ ಹೆದ್ದಾರಿಗೆ ಒಯ್ಯುವುದಿಲ್ಲ, ಮಳೆಯಲ್ಲಿ ಓಡಿಸುವುದಿಲ್ಲ. ಇದು ನಿನಗೆ ಕೊಡುವ ಮಾತು. ಪೂಜೆ ನೋವೈ ಊರಿನ ವೆಂಕಟೇಶ್ವರ ದೇವಸ್ಥಾನದಲ್ಲಿ ಮಾಡಿಸುತ್ತೇನೆ. ನೀವಿಬ್ಬರೂ ಆಗಸ್ಟ್‌ನಲ್ಲಿ ಬಂದಾಗಲೇ ಆಗಲಿ, ಅಲ್ಲಿಯವರೆಗೆ ಕಾಯುತ್ತೇನೆ. ಆ ತಿಂಗಳ ಮೂರನೆಯ ಶನಿವಾರ ಡೆಟ್ರಾಯಿಟ್‌ನ ಉತ್ತರಕ್ಕೆ ವುಡ್‌ವರ್ಡ್ ರಸ್ತೆಯ ಉದ್ದಕ್ಕೂ ಹಳೆಯ ಕಾರುಗಳ ದೊಡ್ಡ ಮೆರವಣಿಗೆ, 1995ರಿಂದ ನಡೆದುಬಂದಿದೆ. ಅಪ್ಪನನ್ನು ಅಲ್ಲಿಂದ ಮನೆಗೆ ಹೊರಡಿಸುವುದು ನಿನ್ನ ಜವಾಬ್ದಾರಿ.

ಸದ್ಯಕ್ಕೆ ಮಾಡಿಸುವ ಕೆಲಸ ಕಡಿಮೆ. ರಸ್ತೆಗೆ ತಾಗುವ ಟೈರುಗಳ ಬಟನ್ ಸವೆದಿಲ್ಲ, ಆದರೆ ಪಕ್ಕದಲ್ಲಿ 3208 ಎಂದಿದೆ, ಅಂದರೆ 2008ರ 32ನೆಯ ವಾರದವು. ರಬ್ಬರು ಗಡಸಾಗಿದೆ, ನಾಲ್ಕನ್ನೂ ಬದಲಿಸುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ತೆಗೆಸಬೇಕು. ಬಣ್ಣ ಮುಟ್ಟಿಸುವುದಿಲ್ಲ. ಸೀಟಿನ ಹೊಲಿಗೆಯನ್ನು ಅದೇ ತೂತುಗಳಲ್ಲಿ ದಾರ ಹಾಯಿಸಿ ಮುಚ್ಚುವ ಕುಶಲಕರ್ಮಿ ಒಬ್ಬರು ಸಿಕ್ಕಿದ್ದಾರೆ.

ಮೆಕ್ಯಾನಿಕ್ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕೋಣ ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ, ನಿಮ್ಮ ಅಭಿಪ್ರಾಯ ಬೇಕು. ಇನ್ನೊಂದು ವಿಷಯ. ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ಫೋಟೋ ತೆಗೆದಿದ್ದೇನೆ, ಅದೂ ಅಣ್ಣನ ಮೊಬೈಲಿನಲ್ಲಿದೆ. ಏಳು ಪ್ಲಗ್ಗುಗಳು ತಿಳಿ ಕಂದು ಬಣ್ಣದಲ್ಲಿವೆ. ಏಳನೆಯ ಸಿಲಿಂಡರಿನದು ಮಾತ್ರ, ಅಂದರೆ ಚಾಲಕನ ಬದಿಯಲ್ಲಿ ಮುಂದಿನಿಂದ ಮೂರನೆಯದು, ಕಪ್ಪಗೆ ಮಸಿ ಹಿಡಿದಿದೆ, ಆದರೆ ಒಣಗಿದೆ, ಎಣ್ಣೆ ಇಲ್ಲ. ಅದರ ಕಂಪ್ರೆಷನ್ ಉಳಿದವುಗಳಷ್ಟೇ ಇದೆ. ನನಗೆ ಆ ಪ್ಲಗ್ಗಿನ ವೈರಿನ ಮೇಲೆ ಅನುಮಾನ. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿ, ಏನಿರಬಹುದು ಎಂದು ಭಾನುವಾರದೊಳಗೆ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು