ನಿನ್ನ ಪಟ್ಟಿಯ ಕೆಳಗಿನ ಆ ಒಂದು ಸಾಲು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಜೊತೆಗೆ ಹತ್ತು ವರ್ಷದ ಅಚ್ಚುಮೆಚ್ಚಿನ ಕಾಮಿಕ್ಸ್ ಪಟ್ಟಿಯೂ ಬಂತು. 2010ರಿಂದ 2019ರವರೆಗೆ ಅಂತ ಗೆರೆ ಹಾಕಿಕೊಂಡು, ಅಂಕಿ ಕೊಟ್ಟು ಚೆನ್ನಾಗಿ ಬರೆದಿದ್ದೀಯ. ಪಟ್ಟಿಯ ಬಗ್ಗೆ ನಿನ್ನ ಜೊತೆ ಜಗಳ ಆಡುವುದು ನನಗೂ ಇಷ್ಟವೇ. ಆದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. “ದೊಡ್ಡಮ್ಮ, ಹೆಸರುಗಳಷ್ಟೇ ನೆನಪಿವೆ, ಒಳಗೆ ಏನಿತ್ತು ಅಂತ ಗೊತ್ತಾಗುತ್ತಿಲ್ಲ. ಅಜ್ಜಿಗೂ ಹೀಗೇ ಶುರುವಾಗಿದ್ದಾ?”

ಸುಮ್ನೆ ಕೇಳಿದ ಹಾಗೆ ಕೇಳಿದ್ದೀಯ. ಸುಮ್ನೆ ಕೇಳಿದ್ದಲ್ಲ ಅಂತ ನನಗೆ ಗೊತ್ತು. ಅಜ್ಜಿಯ ಕೊನೆಯ ವರ್ಷಗಳನ್ನು ನೀನೂ ನೋಡಿದ್ದೀಯ, ನಿನ್ನ ಅಮ್ಮನೂ ನೋಡಿದ್ದಾಳೆ. ಅದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ.

ನಿನ್ನ ಸಾಲು ಓದಿದ ಮೇಲೆ ನಾನೂ ಪುಸ್ತಕದ ಕಪಾಟಿನ ಮುಂದೆ ನಿಂತು ನನ್ನನ್ನೇ ಪರೀಕ್ಷೆ ಮಾಡಿಕೊಂಡೆ. ಹೆಸರು ನೋಡಿ ಕಥೆ ಹೇಳಬೇಕು, ಪುಸ್ತಕ ತೆರೆಯುವ ಹಾಗಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ‘ಡೇಟ್ರಿಪ್ಪರ್’. ಫಾಬಿಯೊ ಮೂನ್ ಮತ್ತು ಗೇಬ್ರಿಯಲ್ ಬಾ, ಬ್ರೆಜಿಲಿನ ಅವಳಿ ಸಹೋದರರು ಮಾಡಿದ್ದು. ನಾಯಕ ಪತ್ರಿಕೆಗೆ ನಿಧನದ ಬರಹ ಬರೆಯುವವನು. ಅಧ್ಯಾಯಕ್ಕೊಂದು ವಯಸ್ಸು. ಬಹುತೇಕ ಅಧ್ಯಾಯಗಳ ಕೊನೆಗೆ ಅವನೇ ಸಾಯುತ್ತಾನೆ, ಮುಂದಿನದರಲ್ಲಿ ಮತ್ತೆ ಬದುಕಿರುತ್ತಾನೆ. ಇಷ್ಟು ಹೇಳಿದೆ. ಎಲ್ಲೆಲ್ಲಿ ಹೇಗೆ ಸಾಯುತ್ತಾನೆ? ಹೊಳೆಯಲಿಲ್ಲ. ಆಮೇಲೆ ‘ದಿಸ್ ಒನ್ ಸಮರ್’. ಇಬ್ಬರು ಹುಡುಗಿಯರು, ನೀರು, ಬೇಸಿಗೆ ರಜೆ. ಮುಂದೆ? ಪುಟವೆಲ್ಲ ನೀಲಿ ಮಸಿ, ಅಷ್ಟೇ. ರಿಯಾದ್ ಸತ್ತೂಫ್ ತನ್ನ ಬಾಲ್ಯದ ಬಗ್ಗೆ ಬರೆದ ‘ದಿ ಅರಬ್ ಆಫ್ ದಿ ಫ್ಯೂಚರ್’ನಲ್ಲಿ ಅಪ್ಪ-ಮಗನ ನಡುವೆ ನಡೆದದ್ದೆಲ್ಲ ಮಸುಕಾಗಿದೆ. ಆದರೆ ಲಿಬಿಯಾ ಹಳದಿ, ಫ್ರಾನ್ಸ್ ನೀಲಿ, ಸಿರಿಯಾ ಗುಲಾಬಿ. ಅದು ಮಾತ್ರ ತಪ್ಪಲಿಲ್ಲ.

ಹೆದರಿಕೆ ಆಯಿತಾ ಅಂದರೆ, ಆಯಿತು. ಅಜ್ಜಿಯ ಆ ವಯಸ್ಸಿಗೆ ನಿನಗಿಂತ ನಾನು ಹತ್ತಿರ, ಅಲ್ವಾ?

ಆದರೆ ಕೂತು ಯೋಚಿಸಿದೆ. ಬಣ್ಣ ಉಳಿದಿದೆ. ಪುಟ ಹೇಗಿತ್ತು ಅನ್ನುವುದು ಉಳಿದಿದೆ. ಕಾಮಿಕ್ಸ್‌ನಲ್ಲಿ ಅರ್ಧ ಕಥೆ ಇರುವುದೇ ಅಲ್ಲಿ. ಸತ್ತೂಫ್‌ನ ಪುಸ್ತಕದಲ್ಲಿ ದೇಶ ಬದಲಾಗಿದ್ದು ಒಂದಕ್ಷರ ಓದುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ಇನ್ನು ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಬಿಳಿ ಜಾಗ ಇರುತ್ತದಲ್ಲ, ಅಲ್ಲಿ ನಡೆದದ್ದನ್ನು ಯಾರೂ ಬರೆದಿರುವುದಿಲ್ಲ. ಓದುವವರೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ಹಾಗೆ ನಾವೇ ತುಂಬಿಕೊಂಡದ್ದನ್ನು ಎಷ್ಟೋ ವರ್ಷ ಆದ ಮೇಲೆ ಬಾಯಿಪಾಠದ ಹಾಗೆ ಒಪ್ಪಿಸು ಅಂದರೆ ಎಲ್ಲಿಂದ ಬರಬೇಕು ಹೇಳು.

ನಿನ್ನ ಪಟ್ಟಿಯಲ್ಲಿ ಎರಡನೆಯದು ‘ಸಾಗಾ’. ಬ್ರಯಾನ್ ಕೆ. ವಾನ್ ಬರೆದು ಫಿಯೋನಾ ಸ್ಟೇಪಲ್ಸ್ ಚಿತ್ರ ಬಿಡಿಸಿದ್ದು. 2012ರಲ್ಲಿ ಶುರುವಾಗಿ, 2018ರಲ್ಲಿ 54ನೇ ಸಂಚಿಕೆಗೆ ನಿಂತಿತು. ಮತ್ತೆ ಬಂದದ್ದು 2022ರ ಜನವರಿಯಲ್ಲಿ. ಆಗ ನಾನು 55ನೆಯದನ್ನು ತೆರೆದರೆ ಯಾರು ಯಾರನ್ನು ಯಾಕೆ ಓಡಿಸಿಕೊಂಡು ಹೋಗುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ. ಮೊದಲಿಂದ ಓದಬೇಕಾಯಿತು. ನೀನೂ ಹಾಗೇ ಮಾಡಿದೆ ಅಂತ ಆಗ ಹೇಳಿದ್ದೆ. ಆವಾಗ ನಾವಿಬ್ಬರೂ ಹೆದರಲಿಲ್ಲ, ನಕ್ಕೆವು. ಈಗ ಯಾಕೆ ಹೆದರಿಕೆ?

ಯಾಕೆ ಅಂತ ನನಗೆ ಗೊತ್ತು ಬಿಡು. ಈ ನಡುವೆ ಅಜ್ಜಿ ಹೋದರು.

ರಿಚರ್ಡ್ ಮೆಕ್‌ಗ್ವಾಯರ್‌ನ ‘ಹಿಯರ್’ ನಿನ್ನ ಪಟ್ಟಿಯಲ್ಲಿ ಐದನೆಯದು. ಅದು ಇನ್ನೂ ಮೇಲೆ ಇರಬೇಕಿತ್ತು ಅಂತ ನನ್ನ ತಕರಾರು. 1989ರಲ್ಲಿ ‘ರಾ’ ಪತ್ರಿಕೆಯಲ್ಲಿ ಆರು ಪುಟಕ್ಕೆ ಬಂದಿದ್ದು, 2014ರಲ್ಲಿ ದಪ್ಪ ಪುಸ್ತಕವಾಗಿ ಬಂತು. ಪುಸ್ತಕದುದ್ದಕ್ಕೂ ಕೋಣೆಯ ಅದೇ ಮೂಲೆ. ಪುಟದ ಮೇಲೊಂದು ಇಸವಿ. ಚಿತ್ರದ ಒಳಗೆ ಕಿಟಕಿ ತೆರೆದ ಹಾಗೆ ಬೇರೆ ಇಸವಿಯ ಚಿತ್ರ. ಮನೆ ಕಟ್ಟುವ ಮೊದಲಿನ ಕಾಡೂ ಇದೆ, ಮನೆ ಇಲ್ಲದ ಮುಂದಿನ ಕಾಲವೂ ಇದೆ. ಶುರುವಿನಲ್ಲಿ 1957ರ ಒಬ್ಬ ಹೆಂಗಸು ಕೋಣೆಗೆ ಬಂದು, ಯಾಕೆ ಬಂದೆ ಅಂತ ಮರೆತು ನಿಲ್ಲುತ್ತಾಳೆ. ನೆನಪಾಗುವುದು ಪುಸ್ತಕದ ಕೊನೆಗೆ. ಅವಳಿಗೆ ಒಂದು ಗಳಿಗೆ, ನಮಗೆ ಅಷ್ಟೂ ಪುಟ. ನಾನು ಮೊದಲ ಸಲ ಓದಿದಾಗ ಅವಳನ್ನು ಗಮನಿಸಿಯೇ ಇರಲಿಲ್ಲ. ಮನೆಯಲ್ಲಿ ಮರೆವು ಕಂಡ ಮೇಲೆ ಪುಸ್ತಕ ತೆಗೆದರೆ ಬೇರೆ ಯಾರೂ ಕಾಣಲಿಲ್ಲ.

ಮರೆವಿನ ವಿಷಯಕ್ಕೇ ಬಂದೆ ನೋಡು. ಬೇರೆ ಏನೋ ಬರೆಯಬೇಕು ಅಂತ ಕೂತಿದ್ದೆ.

ರಾಝ್ ಚಾಸ್ಟ್ ಅನ್ನುವವಳು ತನ್ನ ವಯಸ್ಸಾದ ಅಪ್ಪ ಅಮ್ಮನ ಬಗ್ಗೆ ಮಾಡಿದ ಪುಸ್ತಕವನ್ನು ನೀನು ಪಟ್ಟಿಗೆ ಸೇರಿಸಿಲ್ಲ. ಬೇಕಂತಲೇ ಬಿಟ್ಟಿದ್ದೀಯ ಅಂದುಕೊಂಡಿದ್ದೇನೆ. ಅದೂ 2014ರದ್ದೇ. ಅಪ್ಪನಿಗೆ ಮರೆವಿನ ಕಾಯಿಲೆ. ಅಮ್ಮ ಗಟ್ಟಿ ಜೀವ, ಕೊನೆಗೆ ಹಾಸಿಗೆ ಹಿಡಿಯುತ್ತಾಳೆ. ನಗಿಸುವ ಪುಸ್ತಕವೇ ಅದು, ಅದೇ ಅದರ ಕಷ್ಟ. ಮನೆ ಖಾಲಿ ಮಾಡುವಾಗ ಸಿಕ್ಕ ಹಳೆಯ ಸಾಮಾನಿನ ಫೋಟೋಗಳೂ ಇವೆ. ಅಮ್ಮ ಕೊನೆಗಾಲದಲ್ಲಿ ಕಟ್ಟಿ ಹೇಳುತ್ತಿದ್ದ ವಿಚಿತ್ರ ಕಥೆಗಳನ್ನೂ ಮಗಳು ಬರೆದಿಟ್ಟುಕೊಂಡಿದ್ದಾಳೆ. ಕೊನೆಯ ಪುಟಗಳಲ್ಲಿ ಮಲಗಿದ ಅಮ್ಮನ ಚಿತ್ರಗಳು, ಅಲ್ಲಿ ಜೋಕು ಇಲ್ಲ, ಪೆನ್ನಿನ ಗೆರೆ ಮಾತ್ರ.

ನಮ್ಮಮ್ಮನೂ ಹಾಗೆ ಕಥೆ ಕಟ್ಟುತ್ತಿದ್ದಳು. ಸತ್ತವರು ಬಂದು ಹೋದರು ಅನ್ನುತ್ತಿದ್ದಳು. ಯಾವತ್ತೂ ನೋಡದ ಊರಿನ ರಸ್ತೆಯನ್ನು ವಿವರಿಸುತ್ತಿದ್ದಳು. ನಾನು ಪ್ರತಿ ಸಲವೂ “ಇಲ್ಲಮ್ಮ, ಹಾಗಲ್ಲ” ಅಂತ ತಿದ್ದುತ್ತಿದ್ದೆ. ತಿದ್ದಿ ಏನು ಸಿಕ್ಕಿತು? ಅವಳು ಸುಮ್ಮನಾಗುತ್ತಿದ್ದಳು. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ ಸರಿ, ಒಂದು ನೋಟ್‌ಬುಕ್ಕಿನಲ್ಲಿ ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದಿಡಬಹುದಿತ್ತು. ಚಾಸ್ಟ್‌ಳ ಪುಸ್ತಕ ಆಗಲೇ ಕಪಾಟಿನಲ್ಲಿತ್ತು. ಓದಿಯೂ ಆಗಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಅಮ್ಮನ ಮರೆವನ್ನು ಹತ್ತಿರದಿಂದ ನೋಡಿದವಳು ನಾನು. ಅದು ನಿನ್ನದರ ಹಾಗೆ ಇರಲಿಲ್ಲ, ಪುಟ್ಟಿ. ಓದಿದ ಕಥೆ ಮರೆತುಹೋಯಿತು ಅಂತ ಅವಳು ಒಂದು ದಿನವೂ ಪೇಚಾಡಲಿಲ್ಲ. ಮರೆತದ್ದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಿರುವ ಮನೆಯಲ್ಲೇ ಬಚ್ಚಲು ಎಲ್ಲಿ ಅಂತ ಹುಡುಕುತ್ತಿದ್ದಳು. ನೀನು ನೋಡಿದರೆ ಹತ್ತು ಹೆಸರು ಬರೆದು, ಯಾವುದು ಯಾವ ವರ್ಷದ್ದು ಅಂತ ಹಾಕಿ, ಮರೆತದ್ದು ಎಷ್ಟು ಅಂತಲೂ ಲೆಕ್ಕ ಇಟ್ಟಿದ್ದೀಯ. ನಾನು ಡಾಕ್ಟರ್ ಅಲ್ಲ, ಇದು ಡಾಕ್ಟರ್ ಮಾತೂ ಅಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದೇನೋ ಏನೋ. ಕೆಲಸದಲ್ಲಿ, ಹೋಗಿಬಂದ ದಾರಿಯಲ್ಲಿ, ಹತ್ತಿರದವರ ಹೆಸರಿನಲ್ಲಿ ಎಡವುತ್ತಿದ್ದೀಯ ಅನಿಸಿದರೆ ಒಂದು ಸಲ ಡಾಕ್ಟರಿಗೆ ತೋರಿಸು, ಮುಜುಗರ ಬೇಡ. ನಿದ್ದೆ ಕೆಟ್ಟರೂ ಮರೆವು ಜಾಸ್ತಿ ಆಗುತ್ತದೆ. ಮನಸ್ಸಿಗೆ ಭಾರ ಇದ್ದರೂ ಅಷ್ಟೇ. ನಿನಗೆ ಈ ವರ್ಷ ಎರಡೂ ಇತ್ತು.

ಬುದ್ಧಿ ಹೇಳುವುದು ಅಂತ ಇನ್ನೇನೂ ಇಲ್ಲ. ಒಂದೆರಡು ಮಾತು, ಬೇಕಾದರೆ ತಗೋ. ಕಾಮಿಕ್ಸ್ ಬೇಗ ಓದಿಸಿಕೊಂಡು ಹೋಗುತ್ತದೆ. ಮಾತಿನ ಬಲೂನು ಮಾತ್ರ ಓದಿಕೊಂಡು ಓಡಿದರೆ ಇನ್ನೂರು ಪುಟ ಒಂದೇ ಸಂಜೆಗೆ ಮುಗಿಯುತ್ತದೆ. ಚಿತ್ರ ನೋಡಿಯೇ ಇರುವುದಿಲ್ಲ. ನೋಡದೇ ಇದ್ದದ್ದನ್ನು ಮರೆತೆ ಅನ್ನಲಾಗುತ್ತದಾ? ನೀನು ವಾರಕ್ಕೆ ಎಷ್ಟೊಂದು ಓದುತ್ತಿದ್ದೆ, ಅದೂ ಫೋನಿನಲ್ಲಿ, ಒಂದೊಂದೇ ಚೌಕ ದೊಡ್ಡದು ಮಾಡಿಕೊಂಡು. ಹಾಗೆ ಓದಿದರೆ ಇಡೀ ಪುಟ ಕಣ್ಣಿಗೇ ಬೀಳುವುದಿಲ್ಲ. ಕ್ರಿಸ್ ವೇರ್‌ನ ‘ಬಿಲ್ಡಿಂಗ್ ಸ್ಟೋರೀಸ್’ ಇದಕ್ಕೆ ಒಳ್ಳೆಯದು. 2012ರದ್ದು. ದೊಡ್ಡ ಪೆಟ್ಟಿಗೆಯಲ್ಲಿ 14 ಬಿಡಿ ತುಂಡುಗಳು, ಪತ್ರಿಕೆಯ ಗಾತ್ರದ್ದೂ ಇದೆ, ಕಿರಿದಾದ ಪಟ್ಟಿಯೂ ಇದೆ. ಯಾವುದು ಮೊದಲು ಅಂತ ಹೇಳಿಲ್ಲ. ಕಥೆಯನ್ನು ಸಾಲಾಗಿ ನೆನಪಿಡಬೇಕು ಅನ್ನುವ ಹಟವೇ ಅಲ್ಲಿ ನಡೆಯುವುದಿಲ್ಲ. ಓದಿ ಮುಗಿಸಿದ್ದರ ಕೊನೆಯ ಖಾಲಿ ಹಾಳೆಯಲ್ಲಿ ಒಂದು ಸಾಲು ಬರೆದಿಡು ಅಂತಲೂ ಹೇಳುತ್ತಿದ್ದೆ. ನಾನೇ ಅದನ್ನು ಯಾವತ್ತೂ ಮಾಡಿಲ್ಲ, ಹಾಗಾಗಿ ಬಿಡು.

ಈಗ ಜಗಳ. ‘ಸಬ್ರಿನಾ’ವನ್ನು ಮೊದಲ ಸ್ಥಾನಕ್ಕೆ ಹಾಕಿದ್ದೀಯ. 2018ರಲ್ಲಿ ಬುಕರ್ ಪ್ರಶಸ್ತಿಯ ಮೊದಲ ಸುತ್ತಿನ ಪಟ್ಟಿಗೆ ಹೋದ ಮೊದಲ ಗ್ರಾಫಿಕ್ ಕಾದಂಬರಿ ಅದು, ಒಪ್ಪಿದೆ. ಆ ಚುಕ್ಕೆ ಕಣ್ಣಿನ, ಭಾವನೆ ಕಾಣದ ಮುಖಗಳಿಂದಲೇ ನಿಕ್ ಡ್ರನಾಸೊ ಅಷ್ಟು ಭಯ ಹುಟ್ಟಿಸುತ್ತಾನೆ, ಅದನ್ನೂ ಒಪ್ಪಿದೆ. ಆದರೆ ಇನ್ನೊಮ್ಮೆ ತೆರೆಯಲು ಕೈ ಬರದ ಪುಸ್ತಕ ಅಚ್ಚುಮೆಚ್ಚಿನದು ಹೇಗೆ ಆಗುತ್ತದೆ? ‘ಭೀಮಾಯಣ’ ಎಲ್ಲಿ ಹೋಯಿತು? 2011ರದ್ದು, ನಿನ್ನ ಗೆರೆಯ ಒಳಗೇ ಇದೆ. ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಬಿಡಿಸಿದ ಗೊಂಡ ಚಿತ್ರಗಳು. ಪಾತ್ರಗಳನ್ನು ಪೆಟ್ಟಿಗೆಯೊಳಗೆ ಕೂಡಿ ಹಾಕಲ್ಲ ಅಂತ ಚೌಕಗಳನ್ನೇ ಬಿಟ್ಟರು. ಮೆತ್ತನೆಯ ಮಾತಿಗೆ ಹಕ್ಕಿಯ ಆಕಾರದ ಬಲೂನು, ಚುಚ್ಚುವ ಮಾತಿಗೆ ಚೇಳಿನ ಬಾಲ. ಅಂಬೇಡ್ಕರ್ ಬದುಕಿನ ಘಟನೆ ಒಂದೊಂದಾಗಿ ಹೇಳು ಅಂದರೆ ನೀನು ತಡವರಿಸಬಹುದು. ಆ ಚೇಳಿನ ಬಾಲ ಮರೆತಿದ್ದೀಯಾ? ಮರೆತಿರಲಾರೆ. ಮರೆತಿದ್ದರೂ ಪರವಾಗಿಲ್ಲ ಅಂತ ಬರೆಯಬೇಕು ನಾನು, ಅಲ್ವಾ? ಬರೆದಿದ್ದೇನೆ ನೋಡು, ಪರವಾಗಿಲ್ಲ.

ನಿನ್ನ ಅಮ್ಮನಿಗೆ ಈ ಸಾಲಿನ ಬಗ್ಗೆ ನಾನು ಹೇಳಿಲ್ಲ. ಹೇಳಬೇಕು ಅನಿಸಿದರೆ ನೀನೇ ಹೇಳು. ಅವಳೂ ಒಳಗೊಳಗೇ ಇದೇ ಲೆಕ್ಕ ಹಾಕುತ್ತಿರುತ್ತಾಳೆ, ನನಗೆ ಅನುಮಾನವೇ ಇಲ್ಲ. ನಮ್ಮ ಮೂವರಲ್ಲಿ ಬಾಯಿಬಿಟ್ಟು ಕೇಳಿದವಳು ನೀನೊಬ್ಬಳೇ.

ಪಟ್ಟಿಯಲ್ಲಿ ಎಂಟನೆಯದನ್ನು ಖಾಲಿ ಬಿಟ್ಟಿದ್ದೀಯ. ಅಲ್ಲಿ ಎಮಿಲ್ ಫೆರಿಸ್‌ಳ ‘ಮೈ ಫೇವರಿಟ್ ಥಿಂಗ್ ಈಸ್ ಮಾನ್ಸ್ಟರ್ಸ್’ ಹಾಕು, ಬೇರೆ ಮಾತಿಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಗಿರುವ ಪುಟಗಳಲ್ಲಿ ಬಾಲ್‌ಪೆನ್ನಿನಿಂದ ಅಷ್ಟನ್ನೂ ಬಿಡಿಸಿದ್ದಾಳೆ. ಕಾಯಿಲೆ ಬಂದು ಕೈಯೇ ಆಡದ ಹಾಗೆ ಆಗಿ, ಚಿತ್ರ ಬಿಡಿಸುವುದನ್ನು ಮತ್ತೆ ಕಲಿತವಳು. ಮೊದಲ ಭಾಗ 2017ರಲ್ಲಿ ಬಂತು, ಎರಡನೆಯದು 2024ರಲ್ಲಿ. ನಡುವೆ ನನಗೆ ಕಥೆ ಪೂರಾ ಮರೆತಿದೆ, ಆ ಹತ್ತು ವರ್ಷದ ಹುಡುಗಿ ತನ್ನನ್ನು ತೋಳ-ಹುಡುಗಿಯ ಹಾಗೆ ಬಿಡಿಸಿಕೊಳ್ಳುತ್ತಾಳೆ ಅನ್ನುವುದು ಬಿಟ್ಟು. ಮೊದಲ ಭಾಗ ನಿನ್ನ ಹತ್ತಿರವೇ ಇದೆ. ಕಳಿಸು. ಎರಡನೆಯದನ್ನು ತಂದಿಟ್ಟುಕೊಂಡು ಕಾಯುತ್ತಿದ್ದೇನೆ, ಓದಿ ಮುಗಿಸಿ ಎರಡನ್ನೂ ನಿನಗೆ ಕಳಿಸುತ್ತೇನೆ. ಡಾಕ್ಟರ ಹತ್ತಿರ ಹೋದರೆ ಏನಂದರು ಅಂತ ಬರೆ. ಹೋಗದಿದ್ದರೂ ಬರೆ.

ಇಂತಿ ನಿನ್ನ,
ದೊಡ್ಡಮ್ಮ