ಪೊಲೀಸರು ಬದಿಗಿಟ್ಟ ದಾಖಲೆಗಳ ಪಟ್ಟಿಯೂ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ಕೆಳಗಿನ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಎಂಬ ಕರಡು ನಿಯಮಗಳಿಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದ್ದು 2021ರ ಏಪ್ರಿಲ್ 20ರಂದು. ಆಗಿನ ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೊಬ್ಡೆ ಅವರಿದ್ದ ಮೂವರ ಪೀಠ ಎಲ್ಲ ಹೈಕೋರ್ಟ್‌ಗಳಿಗೂ ಆರು ತಿಂಗಳ ಗಡುವು ಕೊಟ್ಟಿತು. ಅಷ್ಟರೊಳಗೆ ಇವನ್ನು ತಮ್ಮ ತಮ್ಮ ನಿಯಮಗಳಲ್ಲಿ ಸೇರಿಸಿಕೊಳ್ಳಬೇಕು, ರಾಜ್ಯ ಸರ್ಕಾರಗಳು ಪೊಲೀಸ್ ಕೈಪಿಡಿಯನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು ಎಂದಿತು. ಈ ಬದಲಾವಣೆಗಳ ಬಗ್ಗೆ ವಕೀಲರ ಸಂಘದ ಕೊಠಡಿಯಲ್ಲಿ ಒಂದಿಷ್ಟು ಮಾತಾಯಿತು. ಆದರೆ ಕೇಸು ಹಾಕಿಸಿಕೊಂಡು ಕೋರ್ಟಿಗೆ ಅಲೆಯುವವರಿಗೆ, ಕೇಸು ಕೊಟ್ಟು ಅಲೆಯುವವರಿಗೆ ಇದರ ಸುದ್ದಿಯೇ ಮುಟ್ಟಿಲ್ಲ. ಅದಕ್ಕೇ ಈ ಪತ್ರ.

ಈ ಕರಡಿನಲ್ಲಿ ಒಳ್ಳೆಯ ವಿಷಯಗಳು ಸಾಕಷ್ಟಿವೆ. ಸಾಕ್ಷಿಗಳಿಗೆ, ದಾಖಲೆಗಳಿಗೆ, ಮುದ್ದೆಮಾಲಿಗೆ (ಕೇಸಿನಲ್ಲಿ ವಶಪಡಿಸಿಕೊಂಡ ವಸ್ತುಗಳಿಗೆ) ದೇಶದಲ್ಲೆಲ್ಲ ಒಂದೇ ಥರ ನಂಬರ್ ಹಾಕಬೇಕು. ಮರಣೋತ್ತರ ಪರೀಕ್ಷೆಯ ವರದಿಯ ಹಿಂಬದಿಯಲ್ಲಿ ಮನುಷ್ಯನ ದೇಹದ ಚಿತ್ರ ಅಚ್ಚಾಗಿರಬೇಕು, ಗಾಯ ಎಲ್ಲಿದೆ ಎಂದು ಅದರ ಮೇಲೇ ಗುರುತು ಮಾಡಬೇಕು. ಜಾಮೀನು ಅರ್ಜಿ ಮೊದಲ ಬಾರಿ ವಿಚಾರಣೆಗೆ ಬಂದ ದಿನದಿಂದ ಸಾಮಾನ್ಯವಾಗಿ ಮೂರರಿಂದ ಏಳು ದಿನದೊಳಗೆ ತೀರ್ಮಾನವಾಗಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ನ್ಯಾಯಾಧೀಶರು ಆದೇಶದಲ್ಲೇ ಬರೆಯಬೇಕು. ಎಲ್ಲವೂ ಬೇಕಾದವೇ. ಆದರೆ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ನಾಲ್ಕನೇ ನಿಯಮ. ಜಾಸ್ತಿ ಕಡೆಗಣಿಸಿರುವುದೂ ಅದನ್ನೇ.

ಅದು ಹೇಳುವುದು ಇಷ್ಟು. ಸಾಕ್ಷಿಗಳ ಹೇಳಿಕೆಗಳ ಜೊತೆಗೆ, ತನಿಖಾಧಿಕಾರಿ ಆಧಾರವಾಗಿ ಬಳಸಿಕೊಂಡ ದಾಖಲೆಗಳು ಮತ್ತು ವಸ್ತುಗಳ ಪಟ್ಟಿಯನ್ನು ಆರೋಪಿಗೆ ಕೊಡಬೇಕು. ಅದರ ವಿವರಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯಾವ ಹೇಳಿಕೆ, ಯಾವ ದಾಖಲೆ, ಯಾವ ವಸ್ತುವನ್ನು ತನಿಖಾಧಿಕಾರಿ ಬಳಸಿಕೊಂಡಿಲ್ಲವೋ ಅದೂ ಆ ಪಟ್ಟಿಯಲ್ಲಿರಬೇಕು. ಅಂದರೆ ಪೊಲೀಸರು ಏನೇನು ಬದಿಗಿಟ್ಟರು ಎಂಬುದು ಎದುರಿನವರಿಗೆ ಗೊತ್ತಾಗಬೇಕು.

ಇದು ಯಾಕೆ ಅಷ್ಟು ಮುಖ್ಯ? ಒಂದು ಹೊಡೆದಾಟದ ಕೇಸು ಅಂದುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಗಲಾಟೆ, ಮೂವರ ಮೇಲೆ ಎಫ್‌ಐಆರ್. ತನಿಖೆಗೆ ಹೋದ ಪೊಲೀಸರು ಅಕ್ಕಪಕ್ಕದ ಎರಡು ಅಂಗಡಿಗಳ ಸಿಸಿಟಿವಿ ದೃಶ್ಯ ತೆಗೆದುಕೊಳ್ಳುತ್ತಾರೆ. ಆರೋಪಿಗಳ ಫೋನ್ ಕರೆಗಳ ವಿವರ ತರಿಸುತ್ತಾರೆ. ಎಂಟು ಜನರ ಹೇಳಿಕೆ ಬರೆದುಕೊಳ್ಳುತ್ತಾರೆ. ಎರಡನೇ ಅಂಗಡಿಯ ದೃಶ್ಯದಲ್ಲಿ ಮೂರನೇ ಆರೋಪಿ ಕಾಣುವುದೇ ಇಲ್ಲ. ಅವನ ಫೋನು ಆ ಹೊತ್ತಿನಲ್ಲಿ ಬೇರೆ ಊರಿನ ಟವರ್ ತೋರಿಸುತ್ತದೆ. ಎಂಟು ಜನರಲ್ಲಿ ಇಬ್ಬರು 'ಅವನು ಅಲ್ಲಿರಲಿಲ್ಲ' ಎಂದಿರುತ್ತಾರೆ. ಚಾರ್ಜ್‌ಶೀಟ್ ಬರುವಾಗ ಮೊದಲ ಅಂಗಡಿಯ ದೃಶ್ಯ ಮತ್ತು ಆರು ಹೇಳಿಕೆ ಮಾತ್ರ ಇರುತ್ತವೆ. ಉಳಿದದ್ದು ಠಾಣೆಯ ಕಡತದಲ್ಲೇ ಉಳಿಯುತ್ತದೆ. ಆರೋಪಿಗಾಗಲಿ ಅವನ ವಕೀಲರಿಗಾಗಲಿ ಅಂಥದ್ದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ಇದೆ ಎಂದು ಗೊತ್ತಿಲ್ಲದ್ದನ್ನು ಕೇಳುವುದಾದರೂ ಹೇಗೆ?

ಈಗಿನ ಕಾನೂನು ಈ ಜಾಗದಲ್ಲಿ ಮೌನವಾಗಿದೆ. ಹಳೆಯ ಸಿಆರ್‌ಪಿಸಿಯ (ಕ್ರಿಮಿನಲ್ ಕೇಸು ನಡೆಸುವ ಕಾನೂನಿನ) ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಂ ಪ್ರಕಾರ ಆರೋಪಿ ಹಾಜರಾದ 14 ದಿನದೊಳಗೆ ಅವನಿಗೆ ನಕಲುಗಳನ್ನು ಕೊಡಬೇಕು. ದಿನದ ಲೆಕ್ಕ ಹಾಕಿದ್ದು ಒಳ್ಳೆಯದೇ. ಆದರೆ ಆ ಕಲಂ ಮಾತಾಡುವುದು ಪೊಲೀಸರು ಕೋರ್ಟಿಗೆ ಕೊಟ್ಟ ಕಾಗದಗಳ ಬಗ್ಗೆ. ಕೊಡದೆ ಇಟ್ಟುಕೊಂಡದ್ದರ ಪಟ್ಟಿಯ ಬಗ್ಗೆ ಒಂದು ಮಾತೂ ಇಲ್ಲ. ಹೊಸ ಸಂಹಿತೆ ಬರೆಯುವಾಗ ಸುಪ್ರೀಂ ಕೋರ್ಟಿನ ಕರಡು ಕಣ್ಣೆದುರಿಗೇ ಇತ್ತು. ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಸೇರಿಸಲಿಲ್ಲ. ಆ ಕೊರತೆ ತುಂಬಬೇಕಾಗಿರುವುದು ರಾಜ್ಯದ ನಿಯಮಗಳೇ. ಹೈಕೋರ್ಟ್ ನಿಯಮ ಮಾಡಬೇಕು, ರಾಜ್ಯ ಸರ್ಕಾರ ಅದಕ್ಕೆ ಮೊದಲೇ ಒಪ್ಪಿಗೆ ಕೊಡಬೇಕು, ಗೆಜೆಟ್‌ನಲ್ಲಿ ಪ್ರಕಟವಾಗಬೇಕು. ನಮ್ಮಲ್ಲಿ ಇದಕ್ಕಾಗಿ 1968ರ ಕರ್ನಾಟಕ ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್ ಎಂಬ ನಿಯಮಾವಳಿ ಇದೆ.

'ನಿಯಮ ತಿದ್ದಿದ ಮೇಲೆ ನೋಡೋಣ' ಎಂದು ಯಾವ ಕೋರ್ಟೂ ಹೇಳುವ ಹಾಗಿಲ್ಲ. 2022ರ ಮೇ ತಿಂಗಳಲ್ಲಿ ಮನೋಜ್ ವಿರುದ್ಧ ಮಧ್ಯಪ್ರದೇಶ ಸರ್ಕಾರ ಪ್ರಕರಣದಲ್ಲಿ, ವಿಚಾರಣೆ ಶುರುವಾಗುವಾಗಲೇ ಈ ಪಟ್ಟಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ನವೆಂಬರ್ 7ರಂದು ಪೊನ್ನುಸಾಮಿ ವಿರುದ್ಧ ತಮಿಳುನಾಡು ಸರ್ಕಾರ ಪ್ರಕರಣದಲ್ಲಿ ಬಹುಮತದ ತೀರ್ಪು ಇನ್ನಷ್ಟು ಖಡಕ್ಕಾಗಿತ್ತು. ಹೈಕೋರ್ಟ್ ಅಥವಾ ಸರ್ಕಾರ ನಿಯಮ ತರುವುದರಲ್ಲಿ ತಡ ಮಾಡಿದರೆ ಅದರಿಂದ ಆರೋಪಿಯ ಹಕ್ಕಿಗೆ ಧಕ್ಕೆ ಆಗಬಾರದು ಎಂದಿತು. 2025ರ ಮೇ ತಿಂಗಳಲ್ಲಿ ಸರಳಾ ಗುಪ್ತಾ ಪ್ರಕರಣದಲ್ಲಿ, ಜಾರಿ ನಿರ್ದೇಶನಾಲಯ ಹಾಕುವ ಅಕ್ರಮ ಹಣ ವರ್ಗಾವಣೆ ಕೇಸುಗಳಲ್ಲೂ ಬಳಸಿಕೊಳ್ಳದ ದಾಖಲೆಗಳ ಪಟ್ಟಿ ಕೊಡಬೇಕು ಎಂದಾಯಿತು. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಇನ್ನೇನಿದೆ?

ನನಗೆ ಬೇಸರವಾಗುವುದು ಇಲ್ಲೇ. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ಜಯಲಲಿತಾ ಅವರ ಮೇಲೆ ನಡೆದ ಆದಾಯ ಮೀರಿದ ಆಸ್ತಿ ಪ್ರಕರಣ ಎಲ್ಲರಿಗೂ ನೆನಪಿದೆ. ಆ ಕೇಸಿನಲ್ಲೇ ಸಹ ಆರೋಪಿಯಾಗಿದ್ದ ವಿ.ಕೆ. ಶಶಿಕಲಾ ಅವರು, ಕೋರ್ಟಿನ ವಶದಲ್ಲಿದ್ದೂ ಸರ್ಕಾರಿ ವಕೀಲರು ಸಾಕ್ಷ್ಯವಾಗಿ ಗುರುತು ಮಾಡಿಸದ ದಾಖಲೆಗಳನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ ತನಕ ಹೋದರು. 2012ರಲ್ಲಿ ಅದಕ್ಕೆ ಅನುಮತಿಯೂ ಸಿಕ್ಕಿತು. ಅದು ಸರಿಯಾದ ತೀರ್ಪು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದೆಹಲಿ ತನಕ ಹೋಗಿ ಕೇಳುವ ಶಕ್ತಿ ಎಷ್ಟು ಜನರಿಗಿದೆ? ನಿಯಮ ಬೇಕಾಗಿರುವುದೇ ಆ ಶಕ್ತಿ ಇಲ್ಲದವರಿಗೆ. ಕೇಳದೆಯೂ ಸಿಗಬೇಕು, ಅದೇ ನಿಯಮದ ಕೆಲಸ.

ತಾಲೂಕು ಕೋರ್ಟಿನಲ್ಲಿ ನಕಲು ಕೊಡುವ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಬೆಂಚ್ ಕ್ಲರ್ಕ್ ಹೆಸರು ಕೂಗುತ್ತಾರೆ. ಟ್ಯಾಗ್ ಹಾಕಿದ ಜೆರಾಕ್ಸ್ ಕಟ್ಟು ಆರೋಪಿಯ ಕೈಗೆ ಬರುತ್ತದೆ. ಆರ್ಡರ್ ಶೀಟ್‌ನಲ್ಲಿ 'ನಕಲು ತಲುಪಿದೆ' ಎಂಬ ಸಾಲಿನ ಕೆಳಗೆ ಬೆರಳು ತೋರಿಸುತ್ತಾರೆ, ಅವನು ಸಹಿ ಹಾಕುತ್ತಾನೆ, ಇಲ್ಲವೇ ಹೆಬ್ಬೆಟ್ಟು ಒತ್ತುತ್ತಾನೆ. ಕಟ್ಟಿನಲ್ಲಿ ಎಷ್ಟು ಹಾಳೆ ಇರಬೇಕಿತ್ತು, ಎಷ್ಟಿದೆ, ಯಾವುದು ಮಸುಕಾಗಿದೆ ಎಂದು ನೋಡುವಷ್ಟರಲ್ಲಿ ಮುಂದಿನ ಕೇಸು ಕೂಗಿ ಆಗಿರುತ್ತದೆ. ದೋಷಾರೋಪ ಹೊರಿಸುವುದಕ್ಕೆ ಡೇಟ್ ಬೀಳುತ್ತದೆ. ಇದರಲ್ಲಿ ಗುಮಾಸ್ತರ ತಪ್ಪಿಲ್ಲ, ಆ ದಿನದ ಪಟ್ಟಿಯಲ್ಲಿರುವ ಕೇಸುಗಳ ಸಂಖ್ಯೆಯೇ ಹಾಗಿರುತ್ತದೆ. ಅದಕ್ಕೇ ಆ ಒಂದು ಸಾಲು ಬದಲಾಗಬೇಕು ಎಂದು ಕೇಳುತ್ತಿದ್ದೇನೆ. ಬಳಸಿದ ದಾಖಲೆಗಳ ಪಟ್ಟಿ, ಬಳಸದ ದಾಖಲೆಗಳ ಪಟ್ಟಿ, ಎರಡೂ ತಲುಪಿವೆ ಎಂದು ಆರ್ಡರ್ ಶೀಟ್‌ನಲ್ಲಿ ಬೇರೆ ಬೇರೆಯಾಗಿ ಬರೆಯಲಿ. ಎರಡನೆಯದು ಇಲ್ಲದಿದ್ದರೆ ದೋಷಾರೋಪಕ್ಕೆ ಡೇಟ್ ಕೊಡದಿರಲಿ.

ಹೊಸ ಸಂಹಿತೆಯಲ್ಲಿ ಇನ್ನೊಂದು ಮಾತಿದೆ. ದಾಖಲೆಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕೊಟ್ಟರೂ ಕೊಟ್ಟ ಹಾಗೇ ಲೆಕ್ಕ. ಬಟನ್ ಫೋನು ಇಟ್ಟುಕೊಂಡ ಮನುಷ್ಯನಿಗೆ ಪೆನ್‌ಡ್ರೈವ್ ಕೊಟ್ಟರೆ ಅವನು ಏನು ಮಾಡಬೇಕು? ಕನಿಷ್ಠ ಈ ಪಟ್ಟಿಯಾದರೂ ಕಾಗದದ ಮೇಲೆ, ಕನ್ನಡದಲ್ಲಿ ಇರಲಿ. ಒಂದೆರಡು ಹಾಳೆಯ ವಿಷಯ ಅಷ್ಟೇ.

ಪೊಲೀಸರಿಗೆ ಇದು ಸುಮ್ನೆ ಹೊರೆ ಎಂಬ ಮಾತನ್ನು ಕೇಳಿದ್ದೇನೆ. ಅವರ ಮೇಲೆ ಕೆಲಸದ ಒತ್ತಡ ಎಷ್ಟಿದೆ ಎಂಬುದು ನನಗೂ ಗೊತ್ತು. ಆದರೆ ತನಿಖಾಧಿಕಾರಿ ದಿನಾ ಕೇಸ್ ಡೈರಿ ಬರೆಯಲೇಬೇಕು. ವಶಪಡಿಸಿಕೊಂಡ ವಸ್ತುವಿಗೆ ಪಿ.ಎಫ್. (ಪ್ರಾಪರ್ಟಿ ಫಾರ್ಮ್) ನಂಬರ್ ಹಾಕಲೇಬೇಕು. ಏನೇನು ಸಂಗ್ರಹಿಸಿದ್ದೇವೆ ಎಂಬುದು ಠಾಣೆಯಲ್ಲಿ ಈಗಾಗಲೇ ಬರೆದಿರುತ್ತದೆ, ಅಲ್ವಾ? ಅದನ್ನು ಒಂದು ನಮೂನೆಗೆ ಇಳಿಸಿದರೆ ಆಯಿತು. ಗುಟ್ಟಾಗಿ ಮಾಹಿತಿ ಕೊಟ್ಟವರ ಗತಿ ಏನು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಬಿದ್ದರೆ ಹೇಗೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಗಂಭೀರವಾದದ್ದು, ತಳ್ಳಿಹಾಕಬಾರದು. ಆದರೆ ನಿಯಮ ಕೊಡು ಎನ್ನುತ್ತಿರುವುದು ಬದಿಗಿಟ್ಟದ್ದರ ಪಟ್ಟಿಯನ್ನು, ಪ್ರತಿಯೊಂದರ ನಕಲನ್ನಲ್ಲ. ಪಟ್ಟಿ ನೋಡಿ ಇಂಥದ್ದು ಬೇಕು ಎಂದು ಆರೋಪಿ ಕೇಳಿದಾಗ, ಕೊಡಬೇಕೋ ಬೇಡವೋ, ಎಷ್ಟು ಮರೆಮಾಡಿ ಕೊಡಬೇಕು ಎಂದು ನ್ಯಾಯಾಧೀಶರು ನೋಡುತ್ತಾರೆ. ಈಗ ಆ ತೀರ್ಮಾನವನ್ನು ಠಾಣೆಯಲ್ಲಿ ಕೂತ ಒಬ್ಬ ಅಧಿಕಾರಿ ಒಬ್ಬನೇ ಮಾಡುತ್ತಿದ್ದಾನೆ. ಅದೂ ಯಾರಿಗೂ ಹೇಳದೆ.

ಇದು ಆರೋಪಿಗಳಿಗೆ ಮಾತ್ರ ಅನುಕೂಲ ಎಂದುಕೊಂಡವರಿಗೂ ಒಂದು ಮಾತು. 230ನೇ ಕಲಂ ಈಗ ನೊಂದವರಿಗೂ, ಅವರ ಪರ ವಕೀಲರಿದ್ದರೆ, ನಕಲು ಕೊಡಬೇಕು ಎನ್ನುತ್ತದೆ. ಹಾಗಾದರೆ ಈ ಪಟ್ಟಿಯನ್ನೂ ಅವರಿಗೆ ಕೊಡಲಿ. ಪೊಲೀಸರು ಕೈಬಿಡುವುದು ಯಾವಾಗಲೂ ಆರೋಪಿಗೆ ಅನುಕೂಲವಾದದ್ದನ್ನೇ ಅಲ್ಲ. ಊರಿನ ದೊಡ್ಡ ಮನುಷ್ಯರ ಮೇಲೆ ಕೇಸಾದಾಗ ಮುಖ್ಯ ಸಾಕ್ಷಿಯ ಹೇಳಿಕೆಯೇ ಚಾರ್ಜ್‌ಶೀಟ್‌ನಲ್ಲಿ ಕಾಣೆಯಾದರೆ? ಕೇಸು ಕೊಟ್ಟ ಹೆಣ್ಣುಮಗಳಿಗೆ, ಮಗನನ್ನು ಕಳೆದುಕೊಂಡ ತಂದೆಗೆ ಅದು ತಿಳಿಯುವ ದಾರಿಯೂ ಈ ಪಟ್ಟಿಯೇ. ವಿಚಾರಣೆ ಮುಗಿದು, ತೀರ್ಪು ಬಂದು, ಮೇಲ್ಮನವಿಯಲ್ಲಿ ಬಚ್ಚಿಟ್ಟ ದಾಖಲೆ ಹೊರಬಂದರೆ ಎರಡೂ ಕಡೆಯವರಿಗೆ ಕಳೆದ ವರ್ಷಗಳು ವಾಪಸ್ ಬರುವುದಿಲ್ಲ.

ಹಾಗಾಗಿ ಮಾನ್ಯ ಹೈಕೋರ್ಟ್‌ಗೆ ನನ್ನ ವಿನಂತಿ: ರಾಜ್ಯದ ಎಲ್ಲ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ಕೋರ್ಟುಗಳು ಈ ಪಟ್ಟಿಯನ್ನು ಕಡ್ಡಾಯವಾಗಿ ಕೇಳುವಂತೆ ಸುತ್ತೋಲೆ ಹೊರಡಿಸಿ, ಪ್ರತಿ ಕೋರ್ಟಿನ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಿಸಿ. ಗೃಹ ಇಲಾಖೆಗೆ: ಚಾರ್ಜ್‌ಶೀಟ್ ನಮೂನೆಗೇ ಇದಕ್ಕಾಗಿ ಒಂದು ಹಾಳೆ ಸೇರಿಸಿ, ತನಿಖಾಧಿಕಾರಿ ಅದಕ್ಕೆ ಸಹಿ ಹಾಕಲಿ. ಬದಿಗಿಟ್ಟದ್ದು ಏನೂ ಇಲ್ಲದಿದ್ದರೆ 'ಏನೂ ಇಲ್ಲ' ಎಂದೇ ಬರೆದು ಸಹಿ ಮಾಡಲಿ. ಆ ಸಹಿಗೆ ಬೆಲೆ ಇದೆ. ನಾಳೆ ಪಾಟಿ ಸವಾಲಿನಲ್ಲಿ ಅವರೇ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಅಲ್ಲಿಯ ತನಕ, ಕೇಸು ಎದುರಿಸುತ್ತಿರುವ ಓದುಗರು ಯಾರಾದರೂ ಇದ್ದರೆ ನಕಲು ಪಡೆಯುವ ದಿನವೇ ನಿಮ್ಮ ವಕೀಲರಿಂದ ಈ ಪಟ್ಟಿ ಕೇಳಿ ಲಿಖಿತ ಅರ್ಜಿ ಹಾಕಿಸಿ. ತಡವಾಗಿ, ಅದರಲ್ಲೂ ಮೇಲ್ಮನವಿಯಲ್ಲಿ ಕೇಳಿದರೆ ಕೇಸು ಎಳೆಯುವ ಉಪಾಯ ಎಂದುಕೊಳ್ಳುವ ಸಾಧ್ಯತೆ ಇರುತ್ತದೆ. ವಕೀಲರನ್ನು ಇಟ್ಟುಕೊಳ್ಳುವ ಅನುಕೂಲ ಇಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಅರ್ಜಿಯಲ್ಲಿ ಪೊನ್ನುಸಾಮಿ ತೀರ್ಪಿನ ಹೆಸರು ಮತ್ತು ತಾರೀಕು ತಪ್ಪದೆ ಬರೆಸಿ.

ಇತಿ,
ತಾಲೂಕು ನ್ಯಾಯಾಲಯವೊಂದರ ವಕೀಲ