ಹಾರ್ಡ್ ಡಿಸ್ಕ್ ಬದಲಿಸುವಾಗ ಕಳೆದುಹೋಗುವ ಹಾಡುಗಳು

ಮಾನ್ಯ ಸಂಪಾದಕರೇ,

ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕೊಡಗಿನಲ್ಲಿ ಮದುವೆಗಳಿಲ್ಲ, ಆ ಮಳೆಯಲ್ಲಿ ಹೊರಗೆ ಮೈಕ್ ನಿಲ್ಲಿಸುವ ಮಾತೂ ಇಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು, ಕುಶಾಲನಗರದ ಕಡೆಯ ಸಣ್ಣ ಸ್ಟುಡಿಯೋಗಳವರು, ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮಿಕ್ಸ್ ಮಾಡುವವರು ತುಂಬಿದ ಹಾರ್ಡ್ ಡಿಸ್ಕನ್ನು ಖಾಲಿ ಮಾಡಲು ಕೂರುವುದಕ್ಕೆ ಅನುಕೂಲವಾದ ಕಾಲ ಇದು. ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ಮುದ್ರಿಸಿದ ದುಡಿಕೊಟ್ಟ್ ಪಾಟ್ (ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಹಾಡುವ ಕೊಡವ ಹಾಡು), ಮದುವೆ ಮನೆಯ ವಾಲಗ, ಅರೆಭಾಷೆಯ ಹಾಡುಗಳು, ಯರವರ, ಜೇನುಕುರುಬರ ಹಾಡುಗಳು ಹೀಗೆ ಡಿಸ್ಕಿನಿಂದ ಡಿಸ್ಕಿಗೆ ಹೋಗುವಾಗಲೇ ಕಳೆದುಹೋಗುತ್ತವೆ. ಡಿಸ್ಕ್ ಕೆಟ್ಟೇ ಹೋಗಬೇಕೆಂದಿಲ್ಲ. ಸಾಗಿಸಿದ ಕ್ರಮ ತಪ್ಪಿದರೆ ಸಾಕು. ಆ ಕ್ರಮ ಕಷ್ಟದ್ದೇನೂ ಅಲ್ಲ. ಆದರೆ ತಪ್ಪಾದಾಗ ಅದು ತಿಳಿಯುವುದು ಬಹಳ ತಡವಾಗಿ. ಅದಕ್ಕೇ ಈ ಪತ್ರ.

ಮೊದಲ ತಪ್ಪು ತಿಳಿವಳಿಕೆಯದು. ರೀಪರ್, ಕ್ಯೂಬೇಸ್, ಪ್ರೊ ಟೂಲ್ಸ್ ಎಂಬ ಧ್ವನಿಮುದ್ರಣ ಸಾಫ್ಟ್‌ವೇರುಗಳಲ್ಲಿ ಯಾವುದೇ ಇರಲಿ, ಹಾಡಿನ ಹೆಸರಿಟ್ಟು ಸೇವ್ ಮಾಡಿದ ಪ್ರಾಜೆಕ್ಟ್ ಫೈಲಿನೊಳಗೆ ದನಿ ಇರುವುದಿಲ್ಲ. ಯಾವ ವೇವ್ ಫೈಲ್ ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ, ಅದರ ಯಾವ ತುಂಡು ಎಷ್ಟನೇ ಸೆಕೆಂಡಿಗೆ ಬರಬೇಕು, ಎಷ್ಟು ಜೋರಾಗಿ ಕೇಳಬೇಕು ಎಂಬ ಲೆಕ್ಕ ಮಾತ್ರ ಅದರಲ್ಲಿರುತ್ತದೆ. ಪಹಣಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟರೆ ಗದ್ದೆ ಹಿಂದೆ ಬರುವುದಿಲ್ಲ. ಕೆಲವು ಕೆಬಿ ಅಥವಾ ಕೆಲವು ಎಂಬಿ ತೂಗುವ ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು ‘ಪ್ರಾಜೆಕ್ಟ್ ತಂದಿದ್ದೇನೆ’ ಎನ್ನುವವರಿಗೆ ಕೊನೆಗೆ ಸಿಗುವುದು ‘ಫೈಲ್ ಮಿಸ್ಸಿಂಗ್’ ಎಂಬ ಪಟ್ಟಿ.

ದನಿಯ ತೂಕವೇ ಬೇರೆ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ, ಗಂಟೆಗೆ ಸುಮಾರು 518 ಎಂಬಿ ಹಿಡಿಯುತ್ತದೆ. ನಾಲ್ವರು ಹಾಡುಗಾರರ ಮುಂದೆ ನಾಲ್ಕು ಮೈಕ್, ದುಡಿಗಳಿಗೆ ನಾಲ್ಕು ಮೈಕ್ ಎಂದು 8 ಟ್ರ್ಯಾಕ್ ಇಟ್ಟರೆ ಗಂಟೆಗೆ 4 ಜಿಬಿಗಿಂತ ಸ್ವಲ್ಪ ಹೆಚ್ಚು. 96 ಕಿಲೋಹರ್ಟ್ಸ್‌ಗೆ ಹೋದರೆ ಅದರ ಎರಡರಷ್ಟು. ಇಡೀ ದಿನ ಮುದ್ರಿಸಿದ ಫೋಲ್ಡರ್ 200 ಎಂಬಿ ಮಾತ್ರ ತೋರಿಸುತ್ತಿದ್ದರೆ, ಒಳಗೆ ಏನೋ ಇಲ್ಲ ಎಂದು ಅಲ್ಲೇ ಅರ್ಥ ಮಾಡಿಕೊಳ್ಳಬೇಕು.

ಹಾಗಾಗಿ ಸಾಗಿಸುವ ಮುಂಚೆ ಮಾಡಬೇಕಾದದ್ದು, ಚದುರಿದ್ದನ್ನೆಲ್ಲ ಒಂದೇ ಫೋಲ್ಡರಿಗೆ ತರುವುದು. ಈ ಕೆಲಸವನ್ನು ಫೈಲ್ ಎಕ್ಸ್‌ಪ್ಲೋರರಿನಲ್ಲಿ ಕೈಯಿಂದ ಮಾಡಬಾರದು, ಸಾಫ್ಟ್‌ವೇರಿಗೇ ಹೇಳಿ ಮಾಡಿಸಬೇಕು. ರೀಪರಿನಲ್ಲಿ ‘ಸೇವ್ ಪ್ರಾಜೆಕ್ಟ್ ಆ್ಯಸ್’ ಕೊಟ್ಟು, ಪ್ರಾಜೆಕ್ಟಿಗೆ ಹೊಸ ಫೋಲ್ಡರ್ ಮಾಡು, ಎಲ್ಲ ಮೀಡಿಯಾ ಅಲ್ಲಿಗೆ ಕಾಪಿ ಮಾಡು ಎಂಬ ಎರಡೂ ಚೌಕಗಳಿಗೆ ಟಿಕ್ ಹಾಕಿ. ಕ್ಯೂಬೇಸಿನಲ್ಲಿ ಫೈಲ್ ಮೆನುವಿನ ‘ಬ್ಯಾಕಪ್ ಪ್ರಾಜೆಕ್ಟ್’, ಪ್ರೊ ಟೂಲ್ಸ್‌ನಲ್ಲಿ ‘ಸೇವ್ ಕಾಪಿ ಇನ್’ (ಅಲ್ಲಿ ‘ಆಲ್ ಆಡಿಯೋ ಫೈಲ್ಸ್’ಗೆ ಟಿಕ್ ಬಿಟ್ಟುಹೋಗದಿರಲಿ), ಲಾಜಿಕ್‌ನಲ್ಲಿ ‘ಕನ್ಸಾಲಿಡೇಟ್’, ಏಬಲ್ಟನ್ ಲೈವ್‌ನಲ್ಲಿ ‘ಕಲೆಕ್ಟ್ ಆಲ್ ಆ್ಯಂಡ್ ಸೇವ್’. ಹೆಸರು ಬೇರೆ, ಕೆಲಸ ಒಂದೇ: ಡೆಸ್ಕ್‌ಟಾಪಿನಿಂದ, ಡೌನ್‌ಲೋಡ್ ಫೋಲ್ಡರಿನಿಂದ, ರೆಕಾರ್ಡರಿನ ಕಾರ್ಡಿನಿಂದ ನೇರವಾಗಿ ಎಳೆದು ಹಾಕಿಕೊಂಡ ಫೈಲುಗಳ ಪ್ರತಿ ಪ್ರಾಜೆಕ್ಟಿನ ಮಗ್ಗುಲಿಗೆ ಬರುತ್ತದೆ. ಕಾರ್ಡಿನಿಂದ ನೇರ ಎಳೆದು ಹಾಕಿದ ದನಿಯೇ ಎಲ್ಲಕ್ಕಿಂತ ಅಪಾಯದ್ದು. ಮುಂದಿನ ಕಾರ್ಯಕ್ರಮಕ್ಕೆ ಆ ಕಾರ್ಡನ್ನು ಫಾರ್ಮ್ಯಾಟ್ ಮಾಡಿದ ಕ್ಷಣಕ್ಕೆ ಅದು ಹೋಯಿತು.

ಆಡಾಸಿಟಿ ಬಳಸುವವರಿಗೆ ಬೇರೆಯದೇ ಮಾತು. 2021ರಲ್ಲಿ ಬಂದ 3.0 ಆವೃತ್ತಿಯಿಂದ ಈಚೆಗೆ ಇಡೀ ಪ್ರಾಜೆಕ್ಟ್ ಒಂದೇ ಫೈಲು, ದನಿಯೂ ಅದರೊಳಗೇ. ಅದಕ್ಕಿಂತ ಹಿಂದಿನದಾದರೆ ಒಂದು ಸಣ್ಣ ಫೈಲು, ಪಕ್ಕದಲ್ಲಿ ಅದೇ ಹೆಸರಿನ ಕೊನೆಗೆ ‘ಡೇಟಾ’ ಎಂದಿರುವ ಫೋಲ್ಡರು. ಇವೆರಡನ್ನು ಬೇರ್ಪಡಿಸಿದರೂ, ಒಂದರ ಹೆಸರು ಬದಲಿಸಿದರೂ ಪ್ರಾಜೆಕ್ಟ್ ತೆರೆಯುವುದಿಲ್ಲ. ಹೊಸ ಆವೃತ್ತಿಯಲ್ಲೂ ಆಡಾಸಿಟಿ ತೆರೆದಿರುವಾಗಲೇ ಫೈಲ್ ಕಾಪಿ ಮಾಡಬಾರದು. ಆಗಷ್ಟೇ ಮಾಡಿದ ಕೆಲಸ ಪಕ್ಕದ ತಾತ್ಕಾಲಿಕ ಫೈಲಿನಲ್ಲಿ ಉಳಿದಿರುತ್ತದೆ.

ಒಟ್ಟುಗೂಡಿಸುವಾಗ ‘ಬಳಸದ ಫೈಲುಗಳನ್ನು ತೆಗೆಯಲೇ’, ‘ಫೈಲುಗಳನ್ನು ಚಿಕ್ಕದು ಮಾಡಲೇ’ ಎಂದು ಕೆಲವು ಸಾಫ್ಟ್‌ವೇರುಗಳು ಕೇಳುತ್ತವೆ. ಜನಪದ ಹಾಡಿನ ಮುದ್ರಣಕ್ಕೆ ಇದನ್ನು ಖಂಡಿತ ಒಪ್ಪಬೇಡಿ. ಸಿನಿಮಾ ಹಾಡಿನಲ್ಲಿ ಬಿಟ್ಟ ಟೇಕ್ ಎಂದರೆ ಬೇಡದ್ದೇ ಇರಬಹುದು. ನಮ್ಮಲ್ಲಿ ಎರಡನೇ ಸಲ ಹಾಡುವಾಗ ಹಿರಿಯರು ಒಂದು ಸಾಲು ಹೆಚ್ಚು ಹಾಡಿರುತ್ತಾರೆ, ಮನೆತನದ ಹೆಸರು ಬೇರೆ ಸೇರಿಸಿರುತ್ತಾರೆ, ನಡುವೆ ನಿಂತು ಒಂದು ಪದದ ಅರ್ಥವನ್ನು ಕಿರಿಯರಿಗೆ ಹೇಳಿರುತ್ತಾರೆ. ಆ ಎರಡು ನಿಮಿಷದ ಮಾತು ಮಿಕ್ಸ್‌ನಲ್ಲಿ ಇರುವುದಿಲ್ಲ, ಹಾಗಾಗಿ ಸಾಫ್ಟ್‌ವೇರಿನ ಕಣ್ಣಿಗೆ ಅದು ‘ಬಳಸದ’ ಫೈಲು. ಒಂದೆರಡು ಜಿಬಿ ಜಾಗ ಉಳಿಸಲು ಅದನ್ನು ಅಳಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಜಾಗ ಬೇಕಿದ್ದರೆ ಅಲೆಯ ಚಿತ್ರಕ್ಕಾಗಿ ರೀಪರ್ ಮಾಡಿಕೊಳ್ಳುವ ಪೀಕ್ ಫೈಲುಗಳನ್ನು ಅಳಿಸಿ. ಅವು ಮತ್ತೆ ತಾವಾಗಿಯೇ ಹುಟ್ಟಿಕೊಳ್ಳುತ್ತವೆ.

ಇನ್ನು ಸಾಗಣೆ. ಕಟ್-ಪೇಸ್ಟ್ ಬೇಡ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಟ್ ಮಾಡಿದರೆ ಕಂಪ್ಯೂಟರ್ ಒಂದೊಂದೇ ಫೈಲನ್ನು ಕಾಪಿ ಮಾಡಿ, ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ನಡುವೆ ಕರೆಂಟು ಹೋದರೆ ಹಾಡು ಅರ್ಧ ಅಲ್ಲಿ, ಅರ್ಧ ಇಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ನಮಗೆ ಹೊಸದಲ್ಲವಲ್ಲ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟು ಪಡೆಯುವ ಎರಡೂವರೆ ಇಂಚಿನ ಡಿಸ್ಕು ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಬದುಕಿಕೊಳ್ಳುತ್ತದೆ. ಬೇರೆ ಅಡಾಪ್ಟರ್ ಇರುವ ಮೂರೂವರೆ ಇಂಚಿನ ದೊಡ್ಡ ಡಿಸ್ಕಿಗೆ ಆ ಆಸರೆ ಇಲ್ಲ, ಅದರ ಅಡಾಪ್ಟರನ್ನು ಯುಪಿಎಸ್‌ಗೇ ಚುಚ್ಚಬೇಕು. ಸಮಯವನ್ನೂ ಮೊದಲೇ ಅಂದಾಜು ಮಾಡಿಕೊಳ್ಳಿ. ಹಳೆಯ ಯುಎಸ್‌ಬಿ 2 ಪೋರ್ಟಿನಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕಿದರೆ 1 ಟಿಬಿಗೆ ಸುಮಾರು 8 ಗಂಟೆ. ಯುಎಸ್‌ಬಿ 3ರಲ್ಲಿ ತಿರುಗುವ ಡಿಸ್ಕು 110 ಎಂಬಿ ಕೊಟ್ಟರೆ ಎರಡೂವರೆ ಗಂಟೆ. ಅದೇ ಡಿಸ್ಕು, ಅದೇ ಕೇಬಲ್ಲು. ಚುಚ್ಚುವ ಪೋರ್ಟ್ ಬೇರೆ, ಅಷ್ಟೆ.

ವಿಂಡೋಸ್‌ನಲ್ಲಿ ಅದರ ಜೊತೆಗೇ ಬರುವ, ಆಜ್ಞೆ ಟೈಪ್ ಮಾಡಿ ನಡೆಸುವ ರೋಬೋಕಾಪಿ ಒಳ್ಳೆಯ ಆಯ್ಕೆ. ನಿಂತಲ್ಲಿಂದ ಮುಂದುವರಿಯುತ್ತದೆ, ಏನೇನು ಹೋಯಿತು, ಏನು ಹೋಗಲಿಲ್ಲ ಎಂದು ಬರೆದಿಡುತ್ತದೆ. ಆದರೆ ಅದರ ‘ಮಿರ್’ (/MIR) ಎಂಬ ಸ್ವಿಚ್ಚನ್ನು ಮುಟ್ಟಬೇಡಿ. ಮೂಲದಲ್ಲಿ ಇಲ್ಲದ್ದೆಲ್ಲವನ್ನೂ ಅದು ಹೊಸ ಡಿಸ್ಕಿನಿಂದ ಅಳಿಸಿಹಾಕುತ್ತದೆ. ಉಪಫೋಲ್ಡರುಗಳ ಸಮೇತ ಕಾಪಿ ಮಾಡುವ ‘ಇ’ (/E) ಸ್ವಿಚ್ ಸಾಕು. ಕಾಪಿ ಮುಗಿದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ ಮತ್ತು ಒಟ್ಟು ಬೈಟುಗಳನ್ನು ಹೋಲಿಸಿ. ಪ್ರಾಪರ್ಟೀಸ್‌ನಲ್ಲಿ ‘ಸೈಜ್’ ನೋಡಬೇಕು, ‘ಸೈಜ್ ಆನ್ ಡಿಸ್ಕ್’ ಅಲ್ಲ. ಎರಡನೆಯದು ಡಿಸ್ಕ್ ಫಾರ್ಮ್ಯಾಟ್ ಆದ ರೀತಿಗೆ ತಕ್ಕಂತೆ ಬದಲಾಗುತ್ತದೆ, ಸುಮ್ಮನೆ ಗಾಬರಿ. ಬೈಟು ಸರಿಯಿದ್ದರೂ ಒಳಗಿನ ದನಿ ಕೆಟ್ಟಿರಬಹುದು. ಆದ್ದರಿಂದ ಅಪರೂಪದ ಮುದ್ರಣಗಳಿಗೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನೊಳಗೆ ಚೂರು ಬದಲಾದರೂ ತಾನೂ ಬದಲಾಗುವ, ಫೈಲಿನಿಂದಲೇ ಲೆಕ್ಕ ಹಾಕಿ ತೆಗೆಯುವ ಗುರುತು) ತೆಗೆದು ಹೋಲಿಸಿ, ಅದೇ ಪಟ್ಟಿಯನ್ನು ಟೆಕ್ಸ್ಟ್ ಫೈಲಾಗಿ ಹಾಡಿನ ಫೋಲ್ಡರಿನಲ್ಲೇ ಇಡಿ. ಹತ್ತು ವರ್ಷದ ಮೇಲೆ ತೆರೆಯುವವರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಬಹಳ ಮಂದಿ ಎಡವುವ ಜಾಗ ಇದರ ನಂತರದ್ದು. ಹೊಸ ಡಿಸ್ಕಿನಿಂದ ಪ್ರಾಜೆಕ್ಟ್ ತೆರೆಯುತ್ತಾರೆ, ಎಲ್ಲ ಟ್ರ್ಯಾಕೂ ಕೇಳುತ್ತದೆ, ಸಮಾಧಾನದಿಂದ ಹಳೆಯದನ್ನು ಫಾರ್ಮ್ಯಾಟ್ ಮಾಡುತ್ತಾರೆ. ಆದರೆ ಪರೀಕ್ಷೆ ಮಾಡುವಾಗ ಹಳೆಯ ಡಿಸ್ಕೂ ಚುಚ್ಚಿಕೊಂಡೇ ಇತ್ತು. ಸಾಫ್ಟ್‌ವೇರ್ ದನಿಯನ್ನು ಹಳೆಯ ದಾರಿಯಿಂದಲೇ ಓದುತ್ತಿತ್ತು, ಏನೂ ಹೇಳಲಿಲ್ಲ. ಪರೀಕ್ಷೆಯ ಮುಂಚೆ ಹಳೆಯ ಡಿಸ್ಕನ್ನು ಎಜೆಕ್ಟ್ ಮಾಡಿ ಕೇಬಲ್ ಬಿಚ್ಚಿ ಮೇಜಿನ ಮೇಲಿಡಿ. ಕಂಪ್ಯೂಟರಿನ ಒಳಗಿನ ಡಿಸ್ಕಾದರೆ ಆ ಫೋಲ್ಡರಿನ ಹೆಸರಿನ ಮುಂದೆ ಏನಾದರೂ ಎರಡಕ್ಷರ ಸೇರಿಸಿ ದಾರಿ ತಪ್ಪಿಸಿ. ಆಮೇಲೆ ತೆರೆದು ಪ್ರತಿ ಟ್ರ್ಯಾಕನ್ನೂ ಸೋಲೋ ಮಾಡಿ (ಅದೊಂದೇ ಕೇಳುವಂತೆ ಮಾಡಿ) ಮೊದಲಲ್ಲಿ, ನಡುವೆ, ಕೊನೆಯಲ್ಲಿ ಕೇಳಿ. ಆದರೂ ಹಳೆಯ ಡಿಸ್ಕನ್ನು ಒಂದು ತಿಂಗಳು ಮುಟ್ಟದಿರುವುದು ಒಳ್ಳೆಯದು.

‘ಫೈಲ್ ಮಿಸ್ಸಿಂಗ್’ ಎಂದು ಬಂದರೂ ಗಾಬರಿಯಾಗಿ ಸೇವ್ ಒತ್ತಬೇಡಿ. ಮೊದಲು ಡ್ರೈವ್ ಅಕ್ಷರ ನೋಡಿ. ‘ಇ’ ಆಗಿದ್ದ ಡಿಸ್ಕು ಇನ್ನೊಂದು ಕಂಪ್ಯೂಟರಿನಲ್ಲಿ ‘ಎಫ್’ ಆಗಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಳೆಯ ಅಕ್ಷರ ಕೊಟ್ಟರೆ ಎಲ್ಲವೂ ಹಿಂತಿರುಗಬಹುದು. ಮ್ಯಾಕ್‌ನಲ್ಲಿ ಅಕ್ಷರದ ಬದಲು ಡಿಸ್ಕಿನ ಹೆಸರೇ ದಾರಿ, ಹೆಸರು ಬದಲಿಸಿದ್ದರೆ ಹಳೆಯದನ್ನೇ ಇಡಿ. ರೀಪರಿನ ಪ್ರಾಜೆಕ್ಟ್ ಬರೀ ಪಠ್ಯವಾದ್ದರಿಂದ ಅದರ ಒಂದು ಪ್ರತಿ ಮಾಡಿಕೊಂಡು ನೋಟ್‌ಪ್ಯಾಡಿನಲ್ಲಿ ಹಳೆಯ ದಾರಿಯನ್ನು ಹುಡುಕಿ ಹೊಸದನ್ನು ಬರೆದರೂ ಆಗುತ್ತದೆ. ಹೆಸರಿನಿಂದ ಹುಡುಕಿ ಜೋಡಿಸುವಾಗ ಮಾತ್ರ ಎಚ್ಚರ. ‘ಆಡಿಯೋ 1’ ಎಂಬ ಹೆಸರಿನ ಫೈಲ್ ಪ್ರತಿ ಪ್ರಾಜೆಕ್ಟಿನಲ್ಲೂ ಇರುತ್ತದೆ. ಒಂದೂರಿನ ದುಡಿಗೆ ಇನ್ನೊಂದೂರಿನ ಹಾಡು ಬಂದು ಕೂತರೆ, ಎರಡನ್ನೂ ಬಲ್ಲವರಿಗಲ್ಲದೆ ಬೇರೆಯವರಿಗೆ ಗೊತ್ತಾಗುವುದಿಲ್ಲ. ಮುದ್ರಣದ ಬಟನ್ ಒತ್ತುವ ಮುಂಚೆಯೇ ಟ್ರ್ಯಾಕಿಗೆ ಹೆಸರಿಟ್ಟರೆ ಫೈಲಿಗೂ ಅದೇ ಹೆಸರು ಬರುತ್ತದೆ.

ಆ ಹೆಸರನ್ನು ಕನ್ನಡದಲ್ಲಿಡಬೇಕೆಂಬ ಆಸೆ ನಮಗೂ ಇದೆ. ಆದರೆ ಸದ್ಯಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಬಳಸಿ ಎನ್ನುತ್ತೇವೆ. ಕಾರಣವಿದೆ. ‘ಕೋ’, ‘ಕೇ’, ‘ಕೀ’, ‘ಕೈ’ಗಳಲ್ಲಿರುವ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಇಡಿಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಬಿಡಿಸಿ ಇಡುತ್ತದೆ. ಕಣ್ಣಿಗೆ ಎರಡೂ ‘ಕೋಲಾಟ’, ಕಂಪ್ಯೂಟರಿಗೆ ಎರಡು ಬೇರೆ ಹೆಸರು. ಕಣ್ಣೆದುರೇ ಇರುವ ಫೈಲನ್ನು ಸಾಫ್ಟ್‌ವೇರ್ ‘ಇಲ್ಲ’ ಎನ್ನುವುದು ಹೀಗೆ. ಕನ್ನಡದ, ಕೊಡವ ತಕ್ಕಿನ (ಕೊಡವ ಭಾಷೆಯ) ಸರಿಯಾದ ಹೆಸರು, ಹಾಡಿದವರು, ಊರು, ದಿನಾಂಕ, ಯಾವ ಮೈಕ್ ಯಾರ ಮುಂದಿತ್ತು ಎಂಬುದನ್ನೆಲ್ಲ ಒಳಗಿನ ಟೆಕ್ಸ್ಟ್ ಫೈಲಿನಲ್ಲಿ ಧಾರಾಳವಾಗಿ ಬರೆಯಿರಿ. ಫೋಲ್ಡರಿನ ಹೆಸರು ವರ್ಷದಿಂದ ಶುರುವಾಗಲಿ, 2024-12-15 ಎಂಬ ಹಾಗೆ. ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ಫೋಲ್ಡರಿನೊಳಗೆ ಫೋಲ್ಡರ್ ತುಂಬಾ ಆಳಕ್ಕೆ ಹೋಗದಿರಲಿ, ದಾರಿಯೆಲ್ಲ ಸೇರಿ 260 ಅಕ್ಷರ ದಾಟಿದರೆ ವಿಂಡೋಸ್‌ನಲ್ಲಿ ಅನೇಕ ಪ್ರೋಗ್ರಾಮುಗಳು ತಡವರಿಸುತ್ತವೆ.

ಡಿಸ್ಕಿನ ಫಾರ್ಮ್ಯಾಟ್, ಅಂದರೆ ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಯ ಬಗ್ಗೆ ಎರಡು ಮಾತು. ಫ್ಯಾಟ್32 ಒಂದು ಫೈಲಿಗೆ 4 ಜಿಬಿ ಮೀರಲು ಬಿಡುವುದಿಲ್ಲ. ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ, ಆದರೆ ಎಜೆಕ್ಟ್ ಮಾಡದೆ ಎಳೆದರೆ ಬೇಗ ಕೆಡುತ್ತದೆ. ಅದನ್ನು ಸಾಗಣೆಗೆ ಮಾತ್ರ ಇಟ್ಟುಕೊಳ್ಳಿ.

ಎಷ್ಟು ಸರಿಯಾಗಿ ಸಾಗಿಸಿದರೂ ಪ್ಲಗಿನ್ನುಗಳು (ದನಿಗೆ ಎಫೆಕ್ಟ್ ಸೇರಿಸುವ ಬಿಡಿ ಸಾಫ್ಟ್‌ವೇರುಗಳು) ಜೊತೆಗೆ ಬರುವುದಿಲ್ಲ. ಮಾರ್ದನಿ ಸೇರಿಸುವ ಇಂದಿನ ರಿವರ್ಬ್ ಹತ್ತು ವರ್ಷದ ಮೇಲೆ ಯಾವ ಕಂಪ್ಯೂಟರಿನಲ್ಲೂ ತೆರೆಯದಿರಬಹುದು. ಆದ್ದರಿಂದ ಪ್ರಾಜೆಕ್ಟಿನ ಜೊತೆಗೆ ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದ ಕೊನೆಯವರೆಗೆ ಒಂದೇ ಉದ್ದದ ವೇವ್ ಫೈಲಾಗಿ, ಎಫೆಕ್ಟ್ ಇಲ್ಲದೆ ಒಮ್ಮೆ, ಇದ್ದ ಹಾಗೆ ಒಮ್ಮೆ ಹೊರತೆಗೆದಿಡಿ. ನಮ್ಮ ಹಾಡುಗಳಿಗೆ ಇದು ಇನ್ನೂ ಮುಖ್ಯ. ದುಡಿ ಬಾರಿಸುವವರು ಕ್ಲಿಕ್ (ಕಂಪ್ಯೂಟರ್ ಕೊಡುವ ತಾಳದ ಟಿಕ್ ಸದ್ದು) ಕೇಳಿಕೊಂಡು ಬಾರಿಸುವುದಿಲ್ಲ, ಲಯ ಅವರ ಉಸಿರಿನ ಜೊತೆಗೆ ಏರಿಳಿಯುತ್ತದೆ. ತುಂಡು ಫೈಲುಗಳು ಮಾತ್ರ ಉಳಿದರೆ ಯಾವ ತುಂಡು ಎಲ್ಲಿ ಕೂರಬೇಕೆಂದು ತಾಳ ಎಣಿಸಿ ಹುಡುಕಲು ಆಗುವುದಿಲ್ಲ. ಎಲ್ಲವೂ ಸೊನ್ನೆಯಿಂದ ಶುರುವಾಗಿದ್ದರೆ ಯಾವ ಸಾಫ್ಟ್‌ವೇರಿನಲ್ಲಿ ಹಾಕಿದರೂ ಒಂದರ ಕೆಳಗೊಂದು ಸರಿಯಾಗಿ ನಿಲ್ಲುತ್ತವೆ. ಸ್ಯಾಂಪಲ್ ರೇಟ್ (ದನಿಯನ್ನು ಎಷ್ಟು ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ್ದು ಎಂಬುದು) ಕೂಡ ಬರೆದಿಡಿ. 44.1ರ ಫೈಲನ್ನು 48 ಎಂದು ಓದಿಸಿದರೆ ಹಾಡು ಸುಮಾರು ಶೇಕಡ 9ರಷ್ಟು ವೇಗವಾಗಿ, ಒಂದೂವರೆ ಸ್ವರಸ್ಥಾನದಷ್ಟು ಮೇಲಕ್ಕೆ ಹೋಗುತ್ತದೆ. ಹಿರಿಯರ ಕಂಠವನ್ನು ಮುಂದಿನವರು ಹಾಗೆಯೇ ಕಲಿತುಬಿಟ್ಟರೆ ತಿದ್ದುವವರು ಯಾರು?

ಕೊಡಗಿನ ತೇವಕ್ಕೆ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ನೀಲಿ ಹರಳು ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಬೇಕು. ಬೆಚ್ಚಗಿರುತ್ತದೆಂದು ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ. ಎಸ್‌ಎಸ್‌ಡಿ ಕೆಲಸಕ್ಕೆ ಚೆನ್ನ, ಆದರೆ ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಡಲು ಅದನ್ನು ನಂಬುವುದು ಬೇಡ. ತಿರುಗುವ ಡಿಸ್ಕಾದರೂ ವರ್ಷಕ್ಕೆರಡು ಸಲ ಚಾಲೂ ಮಾಡಿ ಚೆಕ್‌ಸಮ್ ಹೋಲಿಸಿ. ಪ್ರತಿಗಳು ಮೂರು ಇರಲಿ, ಅದರಲ್ಲಿ ಒಂದು ಜಿಲ್ಲೆಯ ಹೊರಗಿರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳೇ ಹೋದದ್ದನ್ನು ಕಂಡ ನಾವು, ಒಂದೇ ಬೀರುವಿನಲ್ಲಿರುವ ಎರಡು ಡಿಸ್ಕನ್ನು ಎರಡು ಪ್ರತಿ ಎಂದು ಎಣಿಸಬಾರದು. ನೆಟ್ ಮೂಲಕ ಕಳಿಸುವುದಾದರೆ 10 ಎಂಬಿಪಿಎಸ್ ಅಪ್‌ಲೋಡಿನಲ್ಲಿ 200 ಜಿಬಿಗೆ ಸುಮಾರು 45 ಗಂಟೆ ಬೇಕು. ಮೈಸೂರಿಗೆ ಹೋಗುವ ನೆಂಟರ ಕೈಯಲ್ಲಿ ಒಂದು ಡಿಸ್ಕ್ ಕೊಟ್ಟು ಕಳಿಸುವುದು ಅದಕ್ಕಿಂತ ಬೇಗ.

ಮಡಿಕೇರಿಯಲ್ಲಿರುವ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳಲ್ಲಿ, ಹಾಡು ಮುದ್ರಿಸಲು ಹಣ ಕೊಡುವ ಸಂಘಗಳಲ್ಲಿ, ಒಕ್ಕಗಳಲ್ಲಿ (ಕೊಡವ ಮನೆತನಗಳಲ್ಲಿ) ನಮ್ಮದೊಂದು ಕೋರಿಕೆ. ಕೆಲಸ ಒಪ್ಪಿಸಿಕೊಳ್ಳುವಾಗ ಎಂಪಿ3 ಒಂದನ್ನೇ ತೆಗೆದುಕೊಳ್ಳಬೇಡಿ. ಒಟ್ಟುಗೂಡಿಸಿದ ಪ್ರಾಜೆಕ್ಟ್ ಫೋಲ್ಡರ್, ಸೊನ್ನೆಯಿಂದ ಶುರುವಾಗುವ ವೇವ್ ಫೈಲುಗಳು, ವಿವರದ ಟೆಕ್ಸ್ಟ್ ಫೈಲ್, ಚೆಕ್‌ಸಮ್ ಪಟ್ಟಿ ಈ ನಾಲ್ಕನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಕೊನೆಯ ಕಂತಿನ ಹಣ ಕೊಡುವ ಮುಂಚೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ, ಒಂದು ಹಾಡನ್ನಾದರೂ ಪೂರ್ತಿ ತೆರೆಸಿ ಕೇಳಿ.

– ಧ್ವನಿಮುದ್ರಣ ಕೆಲಸದವರು, ಗೋಣಿಕೊಪ್ಪಲು